ಆರ್ಕಿಟೆಕ್ಚರ್ ವಿದ್ಯಾರ್ಥಿಯ ‘ಡಿಸೈನ್ ಫಿಲಾಸಫಿ’ ಅಂದರೆ ಏನು? ನಿಮ್ಮ ಸ್ಟುಡಿಯೊ ಪ್ರಾಜೆಕ್ಟ್‌ಗಳಲ್ಲಿ ಅದು ಹೇಗೆ ಬಂತು?

ನೀವು ಎರಡನೇ ವರ್ಷದಲ್ಲಿದ್ದೀರಿ, ಪೋರ್ಟ್‌ಫೋಲಿಯೊದ (ನಿಮ್ಮ ಕೆಲಸಗಳ ಸಂಗ್ರಹದ) ಮೊದಲ ಪುಟಕ್ಕೆ ಡಿಸೈನ್ ಫಿಲಾಸಫಿ ಬರೆದು ತನ್ನಿ ಅಂದಿದ್ದಾರೆ, ಏನು ಬರೆಯಬೇಕೋ ತೋಚುತ್ತಿಲ್ಲ, ಬೇರೆಯವರಿಗೆ ಅದು ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ನಾನು ಬಿ.ಆರ್ಕ್ ಕೊನೆಯ ವರ್ಷದಲ್ಲಿದ್ದೇನೆ. ಊರು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ನನ್ನ ಉತ್ತರ ಒಂದೇ ಸಾಲಿನದು: ಕಟ್ಟಡದ ಮೇಲೆ ಬಿದ್ದ ನೀರು ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ಬರೆಯುತ್ತೇನೆ, ಕೋಣೆ ಗೋಡೆಗಳನ್ನೆಲ್ಲ ಆಮೇಲೆ ಕೂರಿಸುತ್ತೇನೆ. ಈ ಸಾಲು ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ಜ್ಯೂರಿಯಲ್ಲಿ, ಅಂದರೆ ನಮ್ಮ ಡ್ರಾಯಿಂಗ್ ನೋಡಿ ಪ್ರಶ್ನೆ ಕೇಳುವವರ ಮುಂದೆ, ಉತ್ತರ ಕೊಡಲಾಗದೆ ನಿಂತ ದಿನ ಸಿಕ್ಕಿದ್ದು.

ಅದಕ್ಕೆ ಮೊದಲು ನಾನೂ ‘ಪ್ರಕೃತಿಯೊಂದಿಗೆ ಸಾಮರಸ್ಯ’ ಅಂತಲೇ ಬರೆದಿದ್ದೆ. ಆ ಮಾತಿಗೂ ಅದರ ಮುಂದಿನ ಪುಟದಲ್ಲಿದ್ದ ಪ್ಲಾನಿಗೂ ಯಾವ ಸಂಬಂಧವೂ ಇರಲಿಲ್ಲ.

ಮೂರನೇ ಸೆಮಿಸ್ಟರಿನಲ್ಲಿ ಬಸ್ ತಂಗುದಾಣ ಕೊಟ್ಟಿದ್ದರು. ಜಾಗ ನಮ್ಮ ಆಯ್ಕೆ. ನಾನು ಆಗುಂಬೆಯಲ್ಲಿ, ಘಾಟಿ ಶುರುವಾಗುವ ಮೊದಲಿನ ಒಂದು ತಿರುವು ಆರಿಸಿದೆ. ಎರಡು ಕಂಬ, ಹತ್ತಡಿ ಎತ್ತರದಲ್ಲಿ ತೆಳ್ಳಗಿನ ಚಪ್ಪಟೆ ಕಾಂಕ್ರೀಟ್ ಮಾಡು (ಚಾವಣಿ), ಕಾಡು ಕಾಣಲಿ ಅಂತ ಮೂರು ಬದಿ ಖಾಲಿ. ಬಿಳಿ ಮೌಂಟ್‌ಬೋರ್ಡಿನ ಮಾಡೆಲ್ ಚಂದ ಬಂದಿತ್ತು. ಹೊರಗಿನಿಂದ ಬಂದಿದ್ದ ಹಿರಿಯ ಆರ್ಕಿಟೆಕ್ಟ್ ಒಬ್ಬರು ಮಾಡೆಲ್ ಕಡೆ ನೋಡಲೇ ಇಲ್ಲ. ಸೆಕ್ಷನ್ ಶೀಟ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದ ಹಾಗೆ ತೋರಿಸುವ ಚಿತ್ರದ ಮುಂದೆ ನಿಂತು, ನನ್ನ ಕೈಗೆ ಕೆಂಪು ಪೆನ್ಸಿಲ್ ಕೊಟ್ಟು, "ಇದರ ಮೇಲೆ ಮಳೆ ಬರಿ" ಅಂದರು. ನಾನು ಮೇಲಿಂದ ಕೆಳಕ್ಕೆ ನೆಟ್ಟಗೆ ಗೆರೆ ಎಳೆದೆ. "ನಿಮ್ಮೂರಲ್ಲಿ ಮಳೆ ಹೀಗಾ ಬೀಳೋದು?" ಅಂತ ಕೇಳಿದರು.

ಪ್ರತಿ ವರ್ಷ ಮೇ ಕೊನೆಯಲ್ಲಿ ನಮ್ಮ ಮನೆಯ ಪಡುವಣ ಗೋಡೆಗೆ ಅಡಿಕೆ ಸೋಗೆಯ (ಗರಿಯ) ತಟ್ಟಿ ಕಟ್ಟುತ್ತೇವೆ. ದೊಡ್ಡಪ್ಪ ಕಟ್ಟುವಾಗ ಏಣಿ ಹಿಡಿದುಕೊಳ್ಳುವವನು ನಾನೇ. ಮಳೆ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ ಅನ್ನುವುದು ನನ್ನ ಕೈಗೆ ಗೊತ್ತಿತ್ತು, ಶೀಟಿಗೆ ಗೊತ್ತಿರಲಿಲ್ಲ. ಆ ಆರ್ಕಿಟೆಕ್ಟ್ ಮಾಡಿನ ತುದಿಯಿಂದ 45 ಡಿಗ್ರಿಗೆ ಒಂದು ಗೆರೆ ಎಳೆದರು. ಕೂರುವ ಬೆಂಚು, ಅದರ ಹಿಂದೆ ನಿಲ್ಲುವ ಜಾಗ, ಎರಡೂ ಮಳೆಯೊಳಗೆ ಬಂದವು. ಒಣಗಿದ ನೆಲ ಅಂತ ಉಳಿದದ್ದು ಕಂಬದ ಹಿಂದಿನ ಒಂದು ಪಟ್ಟಿ.

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕಿದೆ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು. ಅಂದರೆ ಒಂದು ಚದರ ಮೀಟರಿಗೆ 7,000 ಲೀಟರ್. 100 ಚದರ ಮೀಟರಿನ ಸಾಧಾರಣ ಮನೆಯ ಮಾಡಿನ ಮೇಲೆ 7 ಲಕ್ಷ ಲೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ನೀರು ಬರುವ ಕಡೆ ‘ವ್ಯೂ’ ಎಲ್ಲಿಗೆ ತಿರುಗಲಿ ಅನ್ನುವುದರಿಂದ ಕೆಲಸ ಶುರು ಮಾಡಿದ್ದು ನನ್ನ ತಪ್ಪು.

ರಜೆಗೆ ಮನೆಗೆ ಬಂದಾಗ ಟೇಪು ಹಿಡಿದು ಅಜ್ಜನ ಕಾಲದ ಮನೆ ಅಳೆದೆ. ಕಾಲೇಜಿನವರು ಕೇಳಿದ್ದಲ್ಲ, ನನಗೇ ಬೇಕಿತ್ತು. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಮುಂದೆ ಮುಂಡಿಗೆ (ಮರದ ಕಂಬ) ನಿಂತ ಜಗಲಿ. ಅಂಗಳದ ನೆಲದಿಂದ ಸೂರಂಚಿಗೆ, ಅಂದರೆ ಮಾಡಿನ ಕೆಳತುದಿಗೆ, ಐದೂಮುಕ್ಕಾಲು ಅಡಿ ಎತ್ತರ. ದೊಡ್ಡಪ್ಪ ಆರಡಿ ಆಳು, ತಲೆ ಬಗ್ಗಿಸದೆ ಒಳಗೆ ಬಂದದ್ದೇ ಇಲ್ಲ. ಚಿಕ್ಕವನಿದ್ದಾಗ ಇದನ್ನು ಹಳೇ ಮನೆಯ ಕೊರತೆ ಅಂದುಕೊಂಡಿದ್ದೆ. ಸೂರು ಜಗಲಿಯಿಂದ ಎರಡಡಿ ಹೊರಗೆ ಚಾಚಿದೆ, ಜಗಲಿ ಅಂಗಳಕ್ಕಿಂತ ಎರಡಡಿ ಎತ್ತರ, ಗೋಡೆ ಜಗಲಿಯ ಅಂಚಿನಿಂದ ಆರಡಿ ಒಳಗಿದೆ. ಇಷ್ಟನ್ನು ಸೆಕ್ಷನ್ನಿನಲ್ಲಿ ಹಾಕಿ ಅದೇ 45 ಡಿಗ್ರಿ ಗೆರೆ ಎಳೆದರೆ, ಮಳೆ ಜಗಲಿಯ ಅಂಚಿನಿಂದ ಒಂದೂಮುಕ್ಕಾಲು ಅಡಿ ಮಾತ್ರ ಒಳಗೆ ಬರುತ್ತದೆ. ಎದ್ದು ಹೋಗಿ ಜಗಲಿ ನೋಡಿದೆ. ಅಂಚಿಗೆ ಎರಡಡಿ ಅಗಲ ಕಲ್ಲಿನ ಚಪ್ಪಡಿ, ಅಲ್ಲಿಂದ ಒಳಗೆ ಸಗಣಿ ಸಾರಿಸಿದ ಮಣ್ಣುನೆಲ. ನೆನೆಯುವ ಕಡೆ ಕಲ್ಲು, ನೆನೆಯದ ಕಡೆ ಮಣ್ಣು. ಕಟ್ಟಿದ ಆಚಾರ್ರು ಸೆಕ್ಷನ್ ಬರೆದವರಲ್ಲ, ಆದರೆ ಮಳೆ ಎಲ್ಲಿಗೆ ಮುಟ್ಟುತ್ತದೆ ಅಂತ ಮೂರು ಇಂಚಿನ ಅಂತರದಲ್ಲಿ ಅವರಿಗೆ ಗೊತ್ತಿತ್ತು. ಆ ಚಪ್ಪಡಿಯ ಮೇಲೆ ನಾನು ಇಪ್ಪತ್ತು ವರ್ಷ ಕಾಲು ತೊಳೆದಿದ್ದೇನೆ, ಅದು ಯಾಕೆ ಅಲ್ಲಿದೆ ಅಂತ ಕೇಳಿರಲಿಲ್ಲ.

ಆ ಮನೆಗೆ ಮೊದಲು ಸೋಗೆ ಹೊದಿಕೆ, ಆಮೇಲೆ ಹಂಚು. ಮಂಗಳೂರಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಾಡಲು ಶುರುಮಾಡಿದರಲ್ಲ, ಅದೇ ನಮೂನೆಯದು. ಹೊದಿಕೆ ಬದಲಾದಾಗಲೂ ಪಕಾಸಿನ (ಮಾಡು ಹೊರುವ ಓರೆ ಮರದ) ಇಳಿಜಾರು ಬದಲಾಗಲಿಲ್ಲ ಅಂತ ದೊಡ್ಡಪ್ಪ ಹೇಳುತ್ತಾರೆ.

ಐದನೇ ಸೆಮಿಸ್ಟರಿಗೆ ‘ಹಳ್ಳಿಗೊಂದು ಸಮುದಾಯ ಕಟ್ಟಡ’ ಅಂತ ವಿಷಯ ಬಂತು. ತರಗತಿಯಲ್ಲಿ ಹೆಚ್ಚಿನವರು ಸಮುದಾಯ ಭವನ ಮಾಡಿದರು. ನಾನು ನಾಲ್ಕೈದು ಸಣ್ಣ ಹಿಡುವಳಿದಾರರು ಸೇರಿ ಬಳಸುವ ಅಡಿಕೆ ಸುಲಿಯುವ, ಬೇಯಿಸುವ, ಒಣಗಿಸುವ ಕೊಟ್ಟಿಗೆ ಮಾಡಿದೆ. ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ಊರು ಸೇರುವುದೇ ಅಡಿಕೆ ಸುಲಿಯುವ ಕಡೆ. ರಾತ್ರಿ ಊಟ ಮುಗಿಸಿ ಹೆಂಗಸರು ಮೆಟ್ಟುಗತ್ತಿ (ಕಾಲಿನಿಂದ ಮೆಟ್ಟಿ ಹಿಡಿಯುವ ಮಣೆಗತ್ತಿ) ಹಿಡಿದು ಸಾಲಾಗಿ ಕೂರುತ್ತಾರೆ, ಮಾತು ಹನ್ನೊಂದರವರೆಗೂ ನಡೆಯುತ್ತದೆ. ಪ್ಲಾನನ್ನು ಮೊದಲು ತೋರಿಸಿದ್ದು ಅಮ್ಮನಿಗೆ. ಅವಳು ಒಂದು ನಿಮಿಷ ನೋಡಿ ಕೇಳಿದ್ದು ಇಷ್ಟೇ: "ಸಿಪ್ಪೆ ಯಾವ ಬದಿಗೆ ಹಾಕೂದು?" ನಾನು ಹತ್ತು ಜನ ಕೂರುವ ಜಾಗ ಅಳೆದಿದ್ದೆ. ಸುಲಿಯುವವರ ಎದುರು ಮೊಳಕಾಲೆತ್ತರ ಏರುವ ಸಿಪ್ಪೆ ರಾಶಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅದಾದ ಮೇಲೆ ಅವಳನ್ನೇ ಮೆಟ್ಟುಗತ್ತಿಯ ಮುಂದೆ ಕೂರಿಸಿ, ಒಂದು ಕಾಲು ಕತ್ತಿಯ ಮಣೆ ಮೆಟ್ಟಿಕೊಂಡಾಗ ಮೊಣಕೈ ಎಲ್ಲಿಯವರೆಗೆ ಬರುತ್ತದೆ, ಸುಲಿಯದ ಅಡಿಕೆ ಎಡಗಡೆ ಇದ್ದರೆ ಸುಲಿದ ಬೇಳೆ ಬೀಳುವ ಬುಟ್ಟಿ ಎಲ್ಲಿರಬೇಕು, ಬೆಳಕು ಯಾವ ಹೆಗಲ ಮೇಲಿಂದ ಬಂದರೆ ಬೆರಳ ನೆರಳು ಅಲಗಿನ ಮೇಲೆ ಬೀಳುವುದಿಲ್ಲ, ಇವನ್ನೆಲ್ಲ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಮಾಡಿದೆ. ಆ ಗುರುತೇ ಕೊಟ್ಟಿಗೆಯ ಮಾಡ್ಯೂಲ್, ಅಂದರೆ ಮತ್ತೆ ಮತ್ತೆ ಬರುವ ಮೂಲ ಅಳತೆ ಆಯಿತು. ಇಡೀ ಕೋರ್ಸಿನಲ್ಲಿ ನನಗೆ ಅತಿ ಪ್ರೀತಿಯ ಡ್ರಾಯಿಂಗ್ ಅದು.

ಅಲ್ಲಿ ನೀರಿನ ಜೊತೆಗೆ ಬಿಸಿಲಿನ ದಾರಿಯನ್ನೂ ಬರೆಯಬೇಕಾಯಿತು. ನಮ್ಮ ಜಿಲ್ಲೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಗೆ ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 52 ಡಿಗ್ರಿಯಷ್ಟೇ ಎತ್ತರಕ್ಕೆ ಬರುತ್ತಾನೆ. ನಾಲ್ಕು ಮೀಟರ್ ಎತ್ತರದ ಕಟ್ಟಡ ಆಗ ಉತ್ತರಕ್ಕೆ ಮೂರು ಮೀಟರ್ ನೆರಳು ಚೆಲ್ಲುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ನನ್ನ ಮೊದಲ ಪ್ಲಾನಿನಲ್ಲಿ ಕೊಟ್ಟಿಗೆ ಅಂಗಳದ ದಕ್ಷಿಣಕ್ಕಿತ್ತು. ಬೇಯಿಸಿದ ಅಡಿಕೆಗೆ ಐದಾರು ಒಳ್ಳೆ ಬಿಸಿಲು ಬೇಕು, ನಾನು ಅಂಗಳದ ಒಂದು ಪಾಲನ್ನು ನೆರಳಿಗೆ ಕೊಟ್ಟಿದ್ದೆ. ಕೊಟ್ಟಿಗೆಯನ್ನು ಉತ್ತರಕ್ಕೆ ದಾಟಿಸಿದೆ. ಇನ್ನೊಂದು ಸಮಸ್ಯೆ ಚೊಗರು. ಬೇಯಿಸುವ ಹಂಡೆಯಿಂದ ಚೆಲ್ಲುವ ಆ ಕೆಂಪು ನೀರು ಬಾವಿ ಕಡೆ ಹರಿಯಬಾರದು. ಅದಕ್ಕೆ ಬೇರೆ ಚರಂಡಿ, ಮಾಡಿನ ನೀರಿಗೆ ಬೇರೆ. ಒಂದೇ ಪ್ಲಾನಿನಲ್ಲಿ ಎರಡು ನೀರು ಒಂದನ್ನೊಂದು ಮುಟ್ಟದೆ ಹೊರಗೆ ಹೋಗುವ ಹಾಗೆ ಮಾಡಲು ಮೂರು ವಾರ ಬೇಕಾಯಿತು.

ದೊಡ್ಡ ಆರ್ಕಿಟೆಕ್ಟ್‌ಗಳ ಹೆಸರುಗಳ ಬಗ್ಗೆಯೂ ಹೇಳುತ್ತೇನೆ, ನಿಮ್ಮ ಪುಟದಲ್ಲಿ ಅವು ಬಂದೇ ಬರುತ್ತವೆ. ಲಾರಿ ಬೇಕರ್ (1917–2007) ನನಗೆ ಬಹಳ ಇಷ್ಟ. ಅವರ ರ‍್ಯಾಟ್‌ಟ್ರ್ಯಾಪ್ ಬಾಂಡ್ ಗೋಡೆಯಲ್ಲಿ, ಅಂದರೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ಗೋಡೆಯಲ್ಲಿ, ಇಟ್ಟಿಗೆ ಸುಮಾರು ಕಾಲುಭಾಗ ಉಳಿತಾಯವಾಗುತ್ತದೆ. ನಾಲ್ಕನೇ ಸೆಮಿಸ್ಟರಿನಲ್ಲಿ ಅದನ್ನು ಹಾಗೆಯೇ ಎತ್ತಿಕೊಂಡು ನಮ್ಮೂರಿನ ಒಂದು ಮನೆಗೆ ಹಾಕಿದ್ದೆ, ಗಾರೆ ಇಲ್ಲದೆ, ಪಡುವಣ ಮುಖಕ್ಕೆ. ಹತ್ತಿರದಲ್ಲಿ ಸಿಗುವುದು ಜಂಬಿಟ್ಟಿಗೆ. ಇಟ್ಟಿಗೆ ದೂರದಿಂದ ಲಾರಿಯಲ್ಲಿ ಬರಬೇಕು, ಬಂದ ಮೇಲೆ ಮಳೆಗೆ ನೆನೆದು ಬೂಷ್ಟು ಹಿಡಿಯಬೇಕು. ಬೇಕರ್ ಇದ್ದಲ್ಲಿ ಸಿಗುವುದನ್ನು ನೋಡಿ ಕಟ್ಟಿದವರು, ನಾನು ಅವರ ಗೋಡೆಯನ್ನು ಮಾತ್ರ ನೋಡಿದ್ದೆ. ಹಾಗೆಯೇ ಬಿ.ವಿ. ದೋಶಿಯವರ ಬೆಂಗಳೂರಿನ ಐಐಎಂ. ಆ ಬೂದು ಕಲ್ಲಿನ ಓಣಿಗಳಲ್ಲಿ ಆಕಾಶ ತೆರೆದುಕೊಳ್ಳುವ ಜಾಗಗಳಿವೆ. ಅಲ್ಲಿ ನಡೆದಾಡಿದ ದಿನ ಮನಸ್ಸು ತುಂಬಿತ್ತು. ಅದೇ ಓಣಿಯನ್ನು ಆಗುಂಬೆಯಲ್ಲಿ ಕಟ್ಟಿದರೆ ನಾಲ್ಕು ತಿಂಗಳು ಹಳ್ಳವಾಗಿರುತ್ತದೆ.

ನಮ್ಮ ಕಡೆ ಮಾಡು ಹೋದ ಮೇಲೆ ಕಟ್ಟಡದಲ್ಲಿ ಏನು ಉಳಿಯುತ್ತದೆ ಅಂತ ನೋಡಲು ನಮ್ಮ ತಾಲ್ಲೂಕಿನ ಕವಲೇದುರ್ಗ ಕೋಟೆಗೆ ಒಮ್ಮೆ ಹೋಗಿ ಬನ್ನಿ. ಕೆಳದಿ ನಾಯಕರ ಅರಮನೆ ಇದ್ದ ಕಡೆ ಈಗ ಕಲ್ಲಿನ ತಳಪಾಯ, ಅಡುಗೆಮನೆಯ ಕಲ್ಲಿನ ಒಲೆ, ಮೆಟ್ಟಿಲಿಳಿದ ಕೊಳ ಇಷ್ಟು ಉಳಿದಿವೆ. ಮಾಡು ಇಲ್ಲ.

ಏಳನೇ ಸೆಮಿಸ್ಟರಿನ ವಸತಿ ಪ್ರಾಜೆಕ್ಟಿನಲ್ಲಿ ನನಗೂ ಮೇಷ್ಟರಿಗೂ ಜೋರು ವಾದವಾಯಿತು. ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲಿ ನೋಡಿದರೂ ಆರ್‌ಸಿಸಿ ಮನೆ ಕಟ್ಟಿದವರು ನಾಲ್ಕಾರು ವರ್ಷದಲ್ಲಿ ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹೊದೆಸುತ್ತಾರೆ. ನಮ್ಮ ಚಿಕ್ಕಪ್ಪನ ಮನೆಯಲ್ಲೂ ಮೂರನೇ ಮಳೆಗಾಲಕ್ಕೆ ನಡುಮನೆಯ ಸೂರು ಸೋರಿತು, ಐದನೇ ವರ್ಷ ಶೀಟ್ ಬಂತು. ಮೇಷ್ಟರು ಅದನ್ನು ಗೋಡೌನ್ ಅನ್ನುತ್ತಾರೆ, ಊರಿನ ಅಂದ ಕೆಟ್ಟಿತು ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಚಪ್ಪಟೆ ಮಾಡು ಇಲ್ಲಿ ನಡೆಯುವುದಿಲ್ಲ ಅಂತ ಜನ ತಮ್ಮ ದುಡ್ಡು ಹಾಕಿ ಹೇಳಿದ್ದು ಅದು. ತಾರಸಿಗೂ ಶೀಟಿಗೂ ನಡುವಿನ ಆ ಜಾಗದಲ್ಲಿ ಬಟ್ಟೆ ಒಣಗುತ್ತದೆ, ಅಡಿಕೆ ಇರುತ್ತದೆ, ಕಟ್ಟಿಗೆ ಇರುತ್ತದೆ, ಮಳೆಗಾಲದಲ್ಲಿ ಮಕ್ಕಳು ಆಡುವುದೂ ಅಲ್ಲೇ. ಅಂಗಳ ಮೇಲಕ್ಕೆ ಹತ್ತಿ ಕೂತಿದೆ. ನಾನು ಎಂಟು ಮನೆಗಳ ಸಾಲನ್ನು ಆ ಎರಡನೇ ಮಾಡಿನಿಂದಲೇ ಶುರು ಮಾಡಿದೆ: ಪಡುವಣಕ್ಕೆ ಅಗಲ ಸೂರು, ಮೆಟ್ಟಿಲು ಹೊರಗಿಂದ, ಎಂಟೂ ಮನೆಗಳ ಮೇಲಂಗಳ ಒಂದಕ್ಕೊಂದು ಕೂಡುವ ಹಾಗೆ. ಶ್ರೀಲಂಕಾದ ಆರ್ಕಿಟೆಕ್ಟ್ ಜೆಫ್ರಿ ಬಾವಾ ಸಿಮೆಂಟ್ ಶೀಟಿನ ಮೇಲೆ ಅರೆಗೊಳವೆ ಹಂಚು ಹೊದೆಸುತ್ತಿದ್ದರು. ಅದನ್ನೂ ಹಾಕಿ ನೋಡಿದೆ, ಭಾರ ಏರಿ ಟ್ರಸ್ಸಿನ ಖರ್ಚು ಏರಿತು, ಬಿಟ್ಟೆ. ಶೀಟಿನ ಸದ್ದು ತಡೆಯಲು ಕೆಳಗೆ ಕಾಂಕ್ರೀಟ್ ಇದ್ದೇ ಇತ್ತು. ಅಂಕ ಸಾಧಾರಣ ಬಂತು. ಆ ಪ್ರಾಜೆಕ್ಟನ್ನು ನಾನು ಪೋರ್ಟ್‌ಫೋಲಿಯೊದಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.

ಈಗ ಥೀಸಿಸ್ ನಡೆಯುತ್ತಿದೆ, ಗುಡ್ಡದ ಇಳಿಜಾರಿನಲ್ಲಿ ಒಂದು ಶಾಲೆ ಮತ್ತು ಹಾಸ್ಟೆಲ್. ಗುಡ್ಡ ಕಡಿದು ಸಮ ಮಾಡಿದರೆ ಪ್ಲಾನ್ ಸುಲಭ. ಆದರೆ ಹಿಂದೆ ನಾಲ್ಕು ಮೀಟರ್ ಧರೆ (ಕಡಿದ ಮಣ್ಣಿನ ಗೋಡೆ) ನಿಲ್ಲುತ್ತದೆ. ಅಂಥ ಧರೆ ಮಳೆಗಾಲದಲ್ಲಿ ಹೇಗೆ ಕುಸಿಯುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮೇಲಿಂದ ಇಂಗಿದ ನೀರು ಹೊರಗೆ ಬರಲು ದಾರಿ ಕಾಣದೆ ಮಣ್ಣನ್ನು ಭಾರ ಮಾಡಿ, ಸಡಿಲ ಮಾಡಿ ತಳ್ಳುತ್ತದೆ. ಅದಕ್ಕೆ ಎಲ್ಲೂ ಒಂದೂವರೆ ಮೀಟರಿಗಿಂತ ಹೆಚ್ಚು ಕಡಿಯದೆ ತರಗತಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದೇನೆ. ಎಲ್ಲಕ್ಕಿಂತ ಮೇಲೆ ಒಂದು ಬಸಿಗಾಲುವೆ, ತೋಟದಲ್ಲಿ ನಾವು ಕಾದಿಗೆ ಅನ್ನುತ್ತೇವಲ್ಲ, ಆ ಥರದ್ದು. ಅದು ಹಳ್ಳಕ್ಕೆ ಎಲ್ಲಿ ಸೇರಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಎರಡು ಕಡೆ ಹಾಕಿ ನೋಡಿದೆ, ಎರಡರಲ್ಲೂ ನೀರು ಕೆಳಗಿನವರ ಗದ್ದೆಗೆ ನುಗ್ಗುತ್ತದೆ.

ನಿಮ್ಮ ಪುಟಕ್ಕೆ ಬರುವುದಾದರೆ, ಇಲ್ಲಿಯವರೆಗೆ ಮಾಡಿದ ಮೂರು ಪ್ರಾಜೆಕ್ಟಿನ ಸೆಕ್ಷನ್‌ಗಳನ್ನು ಗೋಡೆಗೆ ಅಂಟಿಸಿ. ಜ್ಯೂರಿಯಲ್ಲಿ ಉತ್ತರ ಕೊಡಲಾಗದ ಪ್ರಶ್ನೆ ಯಾವುದು, ಅದು ಎಷ್ಟು ಸಲ ಬಂತು ಅಂತ ನೋಡಿ. ಅದರಿಂದ ಒಂದು ವಾಕ್ಯ ಬರೆಯಿರಿ. ನಿಮ್ಮದೇ ಪ್ಲಾನ್ ಹಿಡಿದು ಆ ವಾಕ್ಯ ಸುಳ್ಳು ಅಂತ ಯಾರಾದರೂ ತೋರಿಸಬಹುದಾದಷ್ಟು ಖಚಿತವಾಗಿರಲಿ ಅದು. ಊರು ಬಯಲುಸೀಮೆಯಾದರೆ ಅದು ಬಿಸಿಲಿನದ್ದಿರಬಹುದು, ಧೂಳಿನದ್ದಿರಬಹುದು, ನೀರಿನದ್ದೇ ಆಗಬೇಕಿಲ್ಲ. ನನ್ನ ಪುಟದಲ್ಲಿ ಈಗ ಅಜ್ಜನ ಮನೆಯ ಜಗಲಿಯ ಸೆಕ್ಷನ್ ಇದೆ, 1:20ರಲ್ಲಿ. ಅದರ ಮೇಲೆ ಕೆಂಪು ಪೆನ್ಸಿಲ್ಲಿನ ಒಂದು ಓರೆ ಗೆರೆ, ಚಪ್ಪಡಿಯ ಅಂಚಿನಲ್ಲಿ ಅಳತೆ, ಕೆಳಗೆ ನಾಲ್ಕು ಸಾಲು ಬರಹ.