ಗಾಳದ ಮೀನಿಗೂ ಲೆಕ್ಕ ಬೇಕು

ಸಂಪಾದಕರ ಉತ್ತರ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕೊಯ್ಲು ಮುಗಿದ ಮೇಲೆ ಗೆಳೆಯರ ಜೊತೆ ಚಾರ್ಮಾಡಿ ಘಾಟಿ ಇಳಿದು ಕಡಲಿಗೆ ಗಾಳ ಹಾಕುವುದು ಅವರ ಹವ್ಯಾಸ. ಮೊದಲು ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ದೊಡ್ಡ ದೊಡ್ಡ ಕೆಂಬೇರಿ ಮೀನು ಸಿಗುತ್ತಿತ್ತು, ಈಗ ರಾತ್ರಿಯಿಡೀ ಕೂತರೂ ದಾರ ಅಲ್ಲಾಡುವುದಿಲ್ಲ ಎನ್ನುತ್ತಾರೆ. ಟ್ರಾಲರ್‌ನವರು ಬೋಟಿನಿಂದ ಬಲೆ ಎಳೆದು ಕಡಲನ್ನು ಗುಡಿಸಿ ಖಾಲಿ ಮಾಡಿದ್ದಾರೆ, ನೀವು ಮೀನುಗಾರರ ಕಷ್ಟ ಬರೆಯುತ್ತೀರಿ, ನಮ್ಮಂಥವರ ಮಾತು ಬರೆಯುವುದಿಲ್ಲ ಎಂಬುದು ಅವರ ದೂರು. ‘ನಮ್ಮದು ಒಂದು ಗಾಳ, ಒಂದು ಮೀನು. ಅವರದ್ದು ಒಂದು ಬಲೆ, ಒಂದು ಲಾರಿ’ ಎಂದಿದ್ದಾರೆ. ಅಳಿವೆಗಳಲ್ಲಿ ಬಲೆ ನಿಲ್ಲಿಸಿ ಗಾಳದವರಿಗೆ ಮೀಸಲಿಟ್ಟರೆ ಪ್ರವಾಸೋದ್ಯಮವೂ ಬೆಳೆಯುತ್ತದೆ ಎಂಬ ಸಲಹೆಯೂ ಇದೆ.

ನಮಸ್ಕಾರ. ನಿಮ್ಮ ಸಿಟ್ಟಿನಲ್ಲಿ ಅರ್ಧದಷ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಟ್ರಾಲ್ ಬಲೆಗೆ ಆರಿಸಿ ಹಿಡಿಯುವುದು ಗೊತ್ತಿಲ್ಲ. ಬೋಟು ಎಳೆಯುವಾಗ ಬಲೆಯ ತುದಿಯ ಚೀಲ ಬಿಗಿಯುತ್ತದೆ. ಮಾಮೂಲಿ ಓರೆ ಕಣ್ಣಿನ ಬಲೆಯಾದರೆ ಆ ಬಿಗಿತಕ್ಕೆ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಒಳಗೆ ಹೊಕ್ಕ ಮರಿ ಮತ್ತೆ ಹೊರಗೆ ಬರುವುದಿಲ್ಲ. ಎಳೆದರೂ ಕಣ್ಣು ತೆರೆದೇ ಇರುವಂತೆ ಚೌಕ ಕಣ್ಣಿನ, 35 ಮಿಲಿಮೀಟರ್ ಚೀಲ ಹಾಕಿ ಅಂತ ತಜ್ಞರು ಹೇಳುತ್ತಲೇ ಇದ್ದಾರೆ. ಹಾಕಿದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಅಂತ ಬೋಟಿನವರು ಗೊಣಗುತ್ತಾರೆ. ಹೀಗೆ ಸಿಕ್ಕ ಮರಿ ನಮ್ಮ ತಟ್ಟೆಗೂ ಬರುವುದಿಲ್ಲ. ಮೀನಿನ ಹುಡಿ, ಮೀನೆಣ್ಣೆ ಮಾಡುವ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿಂದ ಸಿಗಡಿ ಕೆರೆಗೆ, ಕೋಳಿ ಫಾರಂಗೆ. ಹಣ್ಣಾಗುವ ಮೊದಲೇ ಹಸಿರು ಕಾಯಿ ಸಮೇತ ಗಿಡ ಬಳಿದುಕೊಂಡು ಹೋದರೆ ಮುಂದಿನ ವರ್ಷ ತೋಟ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಬುಲ್ ಟ್ರಾಲಿಂಗ್ ಮತ್ತು ಲೈಟ್ ಫಿಶಿಂಗ್. ಎರಡು ಬೋಟು ಸೇರಿ ನಡುವೆ ಒಂದೇ ದೊಡ್ಡ ಬಲೆ ಎಳೆಯುವುದು ಮೊದಲಿನದು. ಜನರೇಟರ್ ಇಟ್ಟು ಎಲ್‌ಇಡಿ ದೀಪ ಉರಿಸಿ, ಬೆಳಕಿಗೆ ಬಂದ ಮೀನಿನ ಹಿಂಡನ್ನು ಸುತ್ತುವರಿದು ಎತ್ತುವುದು ಎರಡನೆಯದು. ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ 200 ಮೈಲಿವರೆಗೆ ಕೇಂದ್ರದ್ದು. ರಾತ್ರಿ ಹೊತ್ತು ಈ ಗೆರೆ ಯಾರ ಕಣ್ಣಿಗೆ ಕಾಣುತ್ತದೆ ಹೇಳಿ? ದೀಪದ ಬೋಟುಗಳ ಮೇಲೆ ದೂರು ಇವತ್ತಿಗೂ ನಿಂತಿಲ್ಲ.

ಆದರೆ ಆ ದೂರು ಕೊಡುತ್ತಿರುವವರು ಯಾರು ಅಂತ ನೋಡಿದ್ದೀರಾ? ಹೆಚ್ಚಿನವರು ನಾಡದೋಣಿಯವರು. ನೀವು ಅಳಿವೆಯಿಂದ ಎಬ್ಬಿಸಬೇಕು ಅನ್ನುತ್ತಿರುವ ಜನವೇ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಅಂತ ಇತ್ತು. ದೋಣಿಯಲ್ಲಿ ಬಲೆ ಒಯ್ದು ಅರ್ಧ ಚಂದ್ರದ ಹಾಗೆ ಬಿಟ್ಟು ಬರುವುದು, ಆಮೇಲೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವುದು. ಬಂಗುಡೆ, ಬೂತಾಯಿ ಹಿಂಡು ತಾನಾಗಿ ದಡದ ಹತ್ತಿರ ಬಂದರೆ ಮಾತ್ರ ಊಟ, ಬರದಿದ್ದರೆ ಇಲ್ಲ. 1970ರ ದಶಕದ ಎರಡನೇ ಅರ್ಧದಲ್ಲಿ ಪರ್ಸೀನ್ ಬೋಟು ಬಂತು. ಹಿಂಡು ದಡಕ್ಕೆ ಬರುವ ತನಕ ಕಾಯುವ ಕೆಲಸವೇ ಇಲ್ಲ, ಕಡಲಲ್ಲೇ ಹೋಗಿ ಸುತ್ತಿದರಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಜಗಳ, ಹೊಡೆದಾಟ ಎಲ್ಲ ಆಯಿತು. 1986ರಲ್ಲಿ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದಾಗ ಬೆನ್ನ ಹಿಂದೆ ಇದ್ದದ್ದು ಇದೇ ಜಗಳದ ವರ್ಷಗಳು.

ತೇಡೆ ಮೀನಿನದ್ದು ಇನ್ನೂ ಬೇಜಾರಿನ ಸಂಗತಿ. ಅದರಲ್ಲಿ ಮೊಟ್ಟೆ ಕಾಯುವವನು ಗಂಡು. ಬಾಯಲ್ಲೇ ಇಟ್ಟುಕೊಂಡು, ಮರಿ ಆಗುವ ತನಕ ತಿನ್ನದೆ ಕಾಯುತ್ತಾನೆ. 1980ರ ಆಸುಪಾಸಿನಲ್ಲಿ ಬಾಯಿ ತುಂಬ ಮೊಟ್ಟೆ ಇದ್ದ ಹಿಂಡುಗಳನ್ನೇ ಪರ್ಸೀನ್ ಬಲೆಗಳು ಎತ್ತಿದವು. ಅಪ್ಪನೂ ಹೋದ, ಮಕ್ಕಳೂ ಹೋದರು. ಆಮೇಲೆ ನಮ್ಮ ಕರಾವಳಿಯಲ್ಲಿ ತೇಡೆ ಹಿಡಿತ ಕುಸಿದೇ ಹೋಯಿತು. ಇಷ್ಟೆಲ್ಲ ಆಗುವಾಗ ಹವ್ಯಾಸದ ಗಾಳದವರು ಕಡಲಲ್ಲಿ ಇರಲೇ ಇಲ್ಲ ಅನ್ನಬಹುದು. ನಷ್ಟ ತಿಂದದ್ದು ದಡದ ಬಡವ.

ಹಾಗಂತ ‘ಕಡಲು ಖಾಲಿ’ ಅನ್ನುವ ಮಾತನ್ನು ನಾನು ಹಾಗೇ ಅಚ್ಚು ಹಾಕುವುದಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 2022ರ ಸ್ಥಿತಿಯನ್ನು ಲೆಕ್ಕ ಹಾಕಿ, ದೇಶದ ಸುತ್ತಲಿನ 135 ಮೀನು ಸಂತತಿಗಳಲ್ಲಿ ನೂರಕ್ಕೆ 91ರಷ್ಟು ಆರೋಗ್ಯವಾಗಿವೆ ಎಂದಿದ್ದಾರೆ. ದೇಶದ ಲೆಕ್ಕ ಚೆನ್ನಾಗಿದ್ದ ಮಾತ್ರಕ್ಕೆ ನಿಮ್ಮ ಅಳಿವೆಯ ಕೆಂಬೇರಿ ಚೆನ್ನಾಗಿದೆ ಅಂತ ಅರ್ಥವಲ್ಲ, ಅದೂ ನಿಜ. ಇನ್ನೊಂದು, ಏರಿಳಿತಕ್ಕೆಲ್ಲ ಬಲೆಯೊಂದೇ ಕಾರಣವೂ ಅಲ್ಲ. ಕೇರಳದಲ್ಲಿ ಬೂತಾಯಿ 2012ರಲ್ಲಿ ಹತ್ತಿರ ಹತ್ತಿರ 3.9 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಮೂರೂವರೆ ಸಾವಿರ ಟನ್ ಕೂಡ ಇಲ್ಲ. ಆಮೇಲೆ ಮತ್ತೆ ಏರಿತು. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೊ, ಇಲ್ಲಿನ ಕಾದ ನೀರು, ಮಳೆಯ ಹೆಚ್ಚುಕಡಿಮೆ ಎಲ್ಲ ಸೇರಿ ಆ ಮೀನನ್ನು ಕುಣಿಸುತ್ತವೆ. ಕೆಟ್ಟ ವರ್ಷದಲ್ಲೂ ಬಲೆ ಅಷ್ಟೇ ಜೋರಾಗಿ ಬಿದ್ದರೆ ಪೆಟ್ಟು ಜಾಸ್ತಿ, ಅಷ್ಟೇ.

ಈಗ ನಿಮ್ಮ ‘ಒಂದು ಗಾಳ, ಒಂದು ಮೀನು’ ವಿಷಯಕ್ಕೆ ಬರೋಣ. ಕೇಳಲು ಬಹಳ ಚೆನ್ನಾಗಿದೆ. ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಅಮೆರಿಕದಲ್ಲಿ ಇದನ್ನು ಎಣಿಸಿ ನೋಡಿದ್ದಾರೆ. 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. 2002ರಲ್ಲಿ ಆ ದೇಶದ ಒಟ್ಟು ಕಡಲ ಮೀನಿನಲ್ಲಿ ಹವ್ಯಾಸಿಗಳ ಪಾಲು ನೂರಕ್ಕೆ 4 ಮಾತ್ರ. ನೀವು ಹೇಳಿದ ಹಾಗೆಯೇ ಅಲ್ವಾ? ಆದರೆ ಕಷ್ಟದಲ್ಲಿರುವ ಮೀನುಗಳನ್ನಷ್ಟೇ ಆರಿಸಿ ಎಣಿಸಿದಾಗ ಅದೇ ಪಾಲು 23ಕ್ಕೆ ಏರಿತು. ಮೆಕ್ಸಿಕೊ ಕೊಲ್ಲಿಯಲ್ಲಿ 64. ಯಾಕೆಂದರೆ ಹವ್ಯಾಸಿಗಳು ಬೂತಾಯಿಯಂಥ ಸಣ್ಣ ಮೀನಿನ ಹಿಂದೆ ಹೋಗುವುದಿಲ್ಲ. ದಡದ ಹತ್ತಿರದ, ನಿಧಾನ ಬೆಳೆಯುವ, ದೊಡ್ಡ ಗಾತ್ರದ ಮೀನನ್ನೇ ಹುಡುಕುತ್ತಾರೆ. ಒಬ್ಬನದ್ದು ಒಂದೇ ಮೀನು, ಸರಿ. ಆದರೆ ಲಕ್ಷಾಂತರ ಜನ ದಡದಲ್ಲಿ ನಿಂತಿದ್ದರು. ನಮ್ಮಲ್ಲಿ ಅಷ್ಟು ಜನ ಇಲ್ಲ. ಆದರೂ ಬ್ರೇಕ್‌ವಾಟರ್ ಕಲ್ಲುಗೋಡೆ ಮೇಲೆ ಭಾನುವಾರ ಎಷ್ಟು ರಾಡ್ ನಿಲ್ಲುತ್ತವೆ ಅಂತ ನೀವೇ ನೋಡುತ್ತೀರಿ. ಬೆಂಗಳೂರಿನಿಂದಲೂ ಬರುತ್ತಾರೆ, ನಮ್ಮ ಹಾಸನದಿಂದಲೂ ಹೋಗುತ್ತಾರೆ.

ಯುರೋಪಿನಲ್ಲಿ ಸೀ ಬಾಸ್ ಮೀನು ಕಡಿಮೆಯಾದಾಗ ಏನಾಯಿತು ನೋಡಿ. 2015ರ ಶುರುವಿನಲ್ಲಿ, ಮೊಟ್ಟೆ ಇಡುವ ಕಾಲದಲ್ಲಿ ಹಿಂಡಿನ ಮೇಲೆ ಟ್ರಾಲ್ ಎಳೆಯುವುದನ್ನು ಮೊದಲು ನಿಲ್ಲಿಸಿದರು. ಬೆನ್ನಿಗೇ ಗಾಳದವರಿಗೆ ದಿನಕ್ಕೆ 3 ಮೀನಿನ ಮಿತಿ ಬಂತು. 42 ಸೆಂಟಿಮೀಟರ್‌ಗಿಂತ ಚಿಕ್ಕದನ್ನು ಮುಟ್ಟುವಂತಿಲ್ಲ ಎಂದರು. ಮರುವರ್ಷ ಮೊದಲ ಆರು ತಿಂಗಳು ಹಿಡಿದದ್ದನ್ನು ವಾಪಸ್ ಬಿಡಬೇಕು, ಆಮೇಲೆ ದಿನಕ್ಕೆ ಒಂದೇ ಒಂದು. 2018ರಲ್ಲಿ ಕೆಲವು ಬಲೆಯವರಿಗೆ ಒಂದಿಷ್ಟು ಪಾಲು ಬಿಟ್ಟು, ಗಾಳದವರಿಗೆ ವರ್ಷದ ಬಹುಭಾಗ ಒಂದನ್ನೂ ಕೊಡಲಿಲ್ಲ. ಗಾಳದವರು ಕೂಗಾಡಿದರು. ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ‘ನಮ್ಮನ್ನು ಎಣಿಸಲೇಬೇಡಿ’ ಅನ್ನುವ ಮಾತು ಅಲ್ಲಿ ನಡೆಯಲಿಲ್ಲ.

ನೀವು ದೊಡ್ಡದನ್ನು ಮಾತ್ರ ಒಯ್ಯುತ್ತೇವೆ, ಚಿಕ್ಕದನ್ನು ಬಿಡುತ್ತೇವೆ ಎಂದೂ ಬರೆದಿದ್ದೀರಿ. ಒಳ್ಳೆಯ ಮನಸ್ಸು. ಆದರೂ ಯೋಚಿಸಿ. ದೊಡ್ಡ ಹೆಣ್ಣು ಮೀನು ಇಡುವ ಮೊಟ್ಟೆ, ನಾಲ್ಕಾರು ಸಣ್ಣ ಹೆಣ್ಣು ಮೀನುಗಳು ಸೇರಿ ಇಡುವುದಕ್ಕಿಂತ ಜಾಸ್ತಿ ಇರಬಹುದು. ನಿಮ್ಮವರ ಅಚ್ಚುಮೆಚ್ಚಿನ ಬರಮುಂಡಿ ಗಂಡಾಗಿ ಬದುಕು ಶುರು ಮಾಡಿ, ಬೆಳೆದ ಮೇಲೆ ಹೆಣ್ಣಾಗುತ್ತದೆ. ಅಂದರೆ ದೊಡ್ಡ ಬರಮುಂಡಿ ಹಿಡಿದು ಫೋಟೊ ತೆಗೆಸಿಕೊಂಡರೆ ಕೈಯಲ್ಲಿರುವುದು ಹೆಚ್ಚುಕಡಿಮೆ ಯಾವಾಗಲೂ ತಾಯಿ. ಮುರು ಮೀನಿನಲ್ಲಿ ಇದು ತಿರುಗುಮುರುಗು. ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ದೊಡ್ಡವನ್ನೆಲ್ಲ ಎತ್ತಿದರೆ ಗಂಡೇ ಉಳಿಯುವುದಿಲ್ಲ. ಬಂಡೆ ಸಾಲಿನ ಆಳದಿಂದ ಸರ್ರನೆ ಎಳೆದ ಮೀನಿನ ಗಾಳಿಚೀಲ ಊದಿಕೊಂಡಿರುತ್ತದೆ. ಅದನ್ನು ವಾಪಸ್ ಬಿಟ್ಟರೂ ಮುಳುಗಲಾಗದೆ ತೇಲಿ ಸಾಯಬಹುದು. ತೀರಾ ಚಿಕ್ಕದನ್ನೂ ಬಿಡಿ, ತೀರಾ ದೊಡ್ಡದನ್ನೂ ಬಿಡಿ, ನಡುವಿನದ್ದು ಒಂದು ಸಾಕು ಎಂಬ ನಿಯಮ ಕೆಲವು ದೇಶಗಳಲ್ಲಿ ಬಂದದ್ದು ಇದಕ್ಕೇ.

ಅಳಿವೆ ಮೀಸಲಿನ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ ಬೀಸುಬಲೆ ಹಾಕುವವನು, ಇಳಿತದಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸು, ಇವರಿಗೆ ಅದು ಭಾನುವಾರದ ಮಜಾ ಅಲ್ಲ. ನಿಮ್ಮ ರೀಲು, ರಾಡಿನ ಬೆಲೆಯಲ್ಲಿ ಅವರ ಮನೆ ಕೆಲವು ತಿಂಗಳು ನಡೆಯುತ್ತದೆ. ಟ್ರಾಲರ್ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸುವುದು ಯಾವ ನ್ಯಾಯ? ಹಿಡಿದ ದೊಡ್ಡ ಮೀನನ್ನು ಪೆಟ್ರೋಲ್ ಖರ್ಚಿಗಾಯಿತು ಅಂತ ಹೋಟೆಲಿಗೆ ಮಾರುವ ಗೆಳೆಯರು ನಿಮ್ಮಲ್ಲಿದ್ದರೆ ಅದನ್ನೂ ನಿಲ್ಲಿಸಲು ಹೇಳಿ. ಮಾರಿದ ಮೇಲೆ ಹವ್ಯಾಸ ಎಲ್ಲಿ ಬಂತು?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನದ ರಜೆ. 1986ರ ಕಾಯ್ದೆ ನೋಡುವುದು ದೋಣಿ, ಬೋಟುಗಳನ್ನು. ಬಂಡೆ ಮೇಲೆ ರಾಡ್ ಹಿಡಿದು ನಿಂತವರನ್ನಲ್ಲ. ಮೊಟ್ಟೆಯ ಕಾಲದಲ್ಲಿ ನೀವೂ ರಾಡ್ ಕೆಳಗಿಟ್ಟರೆ ಟ್ರಾಲರ್‌ನವರ ಎದುರು ಮಾತಾಡಲು ನಿಮಗೆ ಬಾಯಿ ಇರುತ್ತದೆ. ಆ ದಿನಗಳಲ್ಲಿ ಹಾಸನದ ಮಾರ್ಕೆಟ್ಟಿನಲ್ಲಿ ಮೀನು ಹುಡುಕುವ ನಮ್ಮಂಥವರೂ ಸ್ವಲ್ಪ ತಡೆದುಕೊಳ್ಳಬೇಕು. ಶಿರಾಡಿ ಹತ್ತಿ ಬರುವ ಪೆಟ್ಟಿಗೆಯಲ್ಲಿ ಬೆರಳುದ್ದದ ಬಂಗುಡೆ ಕಂಡರೆ ಬಿಟ್ಟು ಬನ್ನಿ. ಕೇರಳದಲ್ಲಿ 14 ಸೆಂಟಿಮೀಟರ್‌ಗಿಂತ ಚಿಕ್ಕ ಬಂಗುಡೆ, 10ಕ್ಕಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ. ಆ ಅಳತೆ ನೆನಪಿಟ್ಟುಕೊಂಡರೆ ಸಾಕು.

ಗಾಳದವರಿಂದ ಉಪಕಾರ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಹೇಮಾವತಿ ಹೋಗಿ ಸೇರುವ ಕಾವೇರಿಯಲ್ಲೇ ಉದಾಹರಣೆ ಇದೆ. ಗಾಳಿಬೋರೆ ಶಿಬಿರದಲ್ಲಿ ಹಿಡಿದು ಬಿಡುವ ಗಾಳದವರು 1998ರಿಂದ 2012ರವರೆಗೆ ಪುಸ್ತಕ ಬರೆದಿಟ್ಟಿದ್ದರು. ಎಷ್ಟು ಹೊತ್ತು ಕೂತೆವು, ಯಾವ ಮಹಶೀರ್ ಸಿಕ್ಕಿತು, ತೂಕ ಎಷ್ಟು ಅಂತ. ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕ. ಕಾವೇರಿಯದ್ದೇ ಆದ ಗೂನುಬೆನ್ನಿನ ಮಹಶೀರ್ ಕರಗುತ್ತಿದೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದ್ದು ಹೆಚ್ಚುತ್ತಿದೆ ಅಂತ ವಿಜ್ಞಾನಿಗಳಿಗೆ ಗೊತ್ತಾದದ್ದು ಆ ಪುಸ್ತಕಗಳಿಂದ. 2018ರಲ್ಲಿ ಆ ಗೂನುಬೆನ್ನಿನ ಮೀನು ಅಳಿವಿನ ಅಂಚಿನ ಪಟ್ಟಿ ಸೇರಿತು. ಶೃಂಗೇರಿಯಲ್ಲಿ, ರಾಮನಾಥಪುರದಲ್ಲಿ ದೇವರ ಮೀನು ಅಂತ ಕೆಲವು ಮಡುಗಳನ್ನು ಕಾಪಾಡಿಕೊಂಡು ಬಂದಿದ್ದೇವೆ. ಉಳಿದ ಹೊಳೆಯಲ್ಲಿ ಏನಾಗುತ್ತಿದೆ ಅಂತ ಬರೆದಿಟ್ಟವರು ಕಡಿಮೆ.

ಪತ್ರದ ಜೊತೆ ನೀವು ಹಿಡಿದ ಮೀನಿನ ಮೂರು ಫೋಟೊ ಕಳಿಸಿ, ಪ್ರಕಟಿಸಿ ಎಂದು ಕೇಳಿದ್ದೀರಿ. ಅವನ್ನು ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅದರ ಬದಲು ಒಂದು ನೋಟುಪುಸ್ತಕ ಇಡಿ. ಜಾಗ, ತಾರೀಕು, ಎಷ್ಟು ಗಂಟೆ ಕೂತಿರಿ, ಯಾವ ಮೀನು, ಎಷ್ಟುದ್ದ, ಬಿಟ್ಟಿರೋ ಒಯ್ದಿರೋ. ಏನೂ ಸಿಗದ ದಿನವನ್ನು ತಪ್ಪದೆ ಬರೆಯಿರಿ, ಲೆಕ್ಕಕ್ಕೆ ಅದೇ ಮುಖ್ಯ. ಗೆಳೆಯರದ್ದೂ ಸೇರಿಸಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಅಲ್ಲಿಯವರಿಗೆ ಒಂದು ಪ್ರತಿ ಕೊಡಿ. ಇನ್ನೊಂದು ನಮಗೆ ಕಳಿಸಿ. ಎರಡು ವರ್ಷದ್ದು ಸೇರಿದರೆ ಎರಡು ಪುಟ ಬಿಟ್ಟುಕೊಡುತ್ತೇನೆ, ನಿಮ್ಮ ಹೆಸರಿನಲ್ಲೇ.