ಕ್ಲಚ್ ಆಟೋಮ್ಯಾಟಿಕ್ ಆದ್ರೆ ಗೇರೂ ಆಟೋಮ್ಯಾಟಿಕ್ ಆಗಲ್ಲ

ಈ ಸಲದ ಪತ್ರಗಳಲ್ಲಿ ಮೂರು ಮೋಟಾರ್ ಸೈಕಲ್ಲಿನವು. ಬೈಕ್ ಅಲ್ಲ, ಮೋಟಾರ್ ಕೂರಿಸಿದ ತುಳಿಯೋ ಸೈಕಲ್. ಮೊದಲನೆಯದಕ್ಕೆ ಉತ್ತರ ಉದ್ದ ಆಯ್ತು, ಬೈಬೇಡಿ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಹುಲೇಕಲ್ ಕಡೆ ಅಡಿಕೆ ತೋಟ. ಮನೆ ಮೇಲೆ, ತೋಟ ಕೆಳಗೆ, ಮಧ್ಯೆ ನಮ್ಮದೇ ಮಣ್ಣಿನ ದಾರಿ, ಮುಕ್ಕಾಲು ಕಿಲೋಮೀಟರ್. ಬ್ಲೇಡ್ ತಿರುಗಿಸುವ ತುದಿಯ ಗೇರ್ ಹೆಡ್ ಮುರಿದು ಮೂಲೆ ಸೇರಿದ 43 ಸಿಸಿ ವೀಡ್ ಕಟ್ಟರ್ (ಕಳೆ ಕತ್ತರಿಸುವ ಯಂತ್ರ) ಇದೆ, ಎಂಜಿನ್ ಚೆನ್ನಾಗಿದೆ. ಅದನ್ನು ಏಳು ಗೇರಿನ ಸೈಕಲ್ಲಿಗೆ ಕೂರಿಸಿ ಅಪ್ಪನ ಓಡಾಟಕ್ಕೆ ಕೊಡುವ ಯೋಚನೆ. ಅಪ್ಪನ ಎಡಗೈ ಮುಷ್ಟಿ ಬಿಗಿಯಾಗಲ್ಲ. ಹಾಗಾಗಿ ಕ್ಲಚ್ ಲಿವರ್ ಬೇಡ, ಪೂರ್ತಿ ಆಟೋಮ್ಯಾಟಿಕ್ ಬೇಕು. ಸೆಂಟ್ರಿಫ್ಯೂಗಲ್ ಕ್ಲಚ್ ಸಾಕಾ, ಸ್ಕೂಟರಿನ ಹಾಗೆ ಗೇರೂ ತಾನಾಗಿ ಬದಲಾಗುವ ಸಿವಿಟಿ ಹಾಕಬೇಕಾ?

ಉತ್ತರ: ನಾವೆಲ್ಲ 'ಆಟೋಮ್ಯಾಟಿಕ್' ಅಂತ ಒಂದೇ ಉಸಿರಲ್ಲಿ ಹೇಳೋದು ಎರಡು ಬೇರೆ ಬೇರೆ ಕೆಲಸಕ್ಕೆ. ನಿಂತಾಗ ಎಂಜಿನ್ನನ್ನು ಚಕ್ರದಿಂದ ಬಿಡಿಸೋದು, ರೇಸ್ ಕೊಟ್ಟಾಗ ಹಿಡಿಸೋದು ಕ್ಲಚ್ಚಿನ ಕೆಲಸ. ಏರು ಬಂದಾಗ ವೇಗ ಇಳಿಸಿ ಎಳೆಯುವ ಬಲ ಹೆಚ್ಚಿಸೋದು ಗೇರಿನ ಕೆಲಸ. 1972ರಲ್ಲಿ ಬಂದ ಲೂನಾದಲ್ಲಿ, ಈಗಲೂ ಸಂತೆಗೆ ಮೂಟೆ ಹೊರುವ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ತಾನಾಗಿ ಹಿಡಿಯೋದು ಕ್ಲಚ್ ಮಾತ್ರ, ಗೇರು ಒಂದೇ. 1984ರಲ್ಲಿ ಕೈನೆಟಿಕ್ ಹೋಂಡಾ ಬಂತಲ್ಲ, ಅದರಲ್ಲಿ ಗೇರೂ ತಾನಾಗಿ ಬದಲಾಗುತ್ತಿತ್ತು. ಅದೇ ಬೆಲ್ಟಿನ ಸಿವಿಟಿ ಇವತ್ತಿನ ಆಕ್ಟಿವಾದಲ್ಲೂ ಇರೋದು.

ನಿಮ್ಮ ವೀಡ್ ಕಟ್ಟರಿನಲ್ಲಿ ಸೆಂಟ್ರಿಫ್ಯೂಗಲ್ ಕ್ಲಚ್ ಆಗಲೇ ಇದೆ ಮಾರಾಯ್ರೆ, ಹೊಸದಾಗಿ ಕೊಳ್ಳಬೇಕಿಲ್ಲ. ಫ್ಯಾನ್ ಪಕ್ಕದ ಕವಚ ಬಿಚ್ಚಿದರೆ ಒಂದು ಉಕ್ಕಿನ ಬಟ್ಟಲು, ಒಳಗೆ ಸ್ಪ್ರಿಂಗ್ ಬಿಗಿದ ಎರಡು ಶೂ ಕಾಣುತ್ತವೆ. ಎಂಜಿನ್ ಜೋರಾಗಿ ತಿರುಗಿದಾಗ ಶೂಗಳು ಹೊರಕ್ಕೆ ಅಗಲಿ ಬಟ್ಟಲನ್ನು ಕಚ್ಚುತ್ತವೆ, ನಿಧಾನವಾದರೆ ಸ್ಪ್ರಿಂಗ್ ಒಳಗೆ ಎಳೆದುಕೊಳ್ಳುತ್ತದೆ. ಎಲ್ಲಾ ಸರಿ, ಆದರೆ ಅದು ಕಚ್ಚೋದು ನಿಮಿಷಕ್ಕೆ ಸುಮಾರು 3500 ಸುತ್ತಿಗೆ ಬಂದ ಮೇಲೆ. ಕಷ್ಟ ಇರೋದು ಅಲ್ಲೇ.

ನಾನು ಇದನ್ನ ಕಲಿತದ್ದು ಕ್ಲಚ್ ಸುಟ್ಟುಕೊಂಡು. ಇಂಥದೇ ಎಂಜಿನ್ ಕೂರಿಸಿದ್ದೆ. ಸ್ಪೀಡ್ ಬರುತ್ತೆ ಅಂತ ಅಂಗಡಿಯವರು ಕೊಟ್ಟ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಾಕಿ, ಎಂಜಿನ್ 18 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಬರೋ ಹಾಗೆ ಮಾಡಿಕೊಂಡಿದ್ದೆ. ಸಮತಟ್ಟಿನಲ್ಲಿ ಭರ್ಜರಿ ಓಡಿತು. ಮನೆ ಎದುರಿನ ಏರು ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಕೂಗುತ್ತಿದೆ, ಸೈಕಲ್ ಮುಂದೆ ಹೋಗುತ್ತಿಲ್ಲ, ರಬ್ಬರ್ ಸುಟ್ಟ ಹಾಗೆ ವಾಸನೆ. ಬಿಚ್ಚಿ ನೋಡಿದರೆ ಬಟ್ಟಲಿನ ಅಂಚು ನವಿಲುಗರಿ ಬಣ್ಣಕ್ಕೆ ತಿರುಗಿತ್ತು, ಶೂ ಗಾಜಿನ ಹಾಗೆ ನುಣ್ಣಗೆ.

ಲೆಕ್ಕ ಹಾಕಿದರೆ ಆಗೋದೇ ಹಾಗೆ. 26 ಇಂಚಿನ ಚಕ್ರ ಒಂದು ಸುತ್ತಿಗೆ 2 ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. 18ರ ಲೆಕ್ಕದಲ್ಲಿ 3500 ಸುತ್ತು ಅಂದರೆ ಗಂಟೆಗೆ 24 ಕಿಲೋಮೀಟರ್. ಅದಕ್ಕಿಂತ ನಿಧಾನ ಹೋದಷ್ಟು ಹೊತ್ತೂ ಕ್ಲಚ್ ಜಾರುತ್ತಲೇ ಇರುತ್ತದೆ, ಜಾರಿದ್ದೆಲ್ಲ ಬಿಸಿ. ಅದೇ 25ಕ್ಕೆ 1 ಮಾಡಿಕೊಂಡರೆ 17 ಕಿಲೋಮೀಟರಿಗೇ ಪೂರ್ತಿ ಹಿಡಿಯುತ್ತದೆ. 6500 ಸುತ್ತಿನಲ್ಲಿ ಗಂಟೆಗೆ 32 ಹೋಗುತ್ತದೆ. ತೋಟದ ದಾರಿಗೆ ಇಷ್ಟು ಬೇಡವೇ ಬೇಡ ಅಲ್ವಾ? ಏರಿನ ಲೆಕ್ಕವೂ ಹಾಗೇ. ಸವಾರ, ಸೈಕಲ್ ಎಲ್ಲ ಸೇರಿ 110 ಕಿಲೋ ಅಂದುಕೊಳ್ಳಿ, ಎಂಜಿನ್ ಸುಮಾರು 1.25 ಕಿಲೋವ್ಯಾಟಿನದು. 18ರಲ್ಲಿ ಅದು ನೂರು ಮೀಟರಿಗೆ ಆರೇಳು ಮೀಟರ್ ಏರುವ ದಾರಿ ಹತ್ತುತ್ತದೆ, 25ರಲ್ಲಿ ಒಂಬತ್ತು ಮೀಟರ್ ತನಕ.

ಹಾಗಾಗಿ ಎಂಜಿನ್ ಮುಟ್ಟುವ ಮೊದಲು ದಾರಿ ಅಳೆಯಿರಿ. ಎರಡು ಮೀಟರಿನ ನೇರ ಅಡಿಕೆ ದಬ್ಬೆ ತಗೊಳ್ಳಿ. ದಾರಿ ಉದ್ದಕ್ಕೆ ಇಟ್ಟು, ಮೇಲೆ ಅರ್ಧ ನೀರಿರುವ ಬಾಟಲಿ ಅಡ್ಡ ಮಲಗಿಸಿ, ನೀರು ಮಟ್ಟಕ್ಕೆ ಬರುವ ತನಕ ಕೆಳಗಿನ ತುದಿ ಎತ್ತಿ. ಎತ್ತಿದ ತುದಿಯಿಂದ ನೆಲಕ್ಕೆ ಎಷ್ಟು ಅಂತರ ನೋಡಿ. 16 ಸೆಂಟಿಮೀಟರ್ ಬಂದರೆ ನೂರಕ್ಕೆ ಎಂಟು, 20 ಬಂದರೆ ನೂರಕ್ಕೆ ಹತ್ತು. ಅತಿ ಕಡಿದಾದ ಜಾಗದಲ್ಲಿ ಅಳೆಯಿರಿ, ಸುಮ್ನೆ ಅಂಗಳದ ತುದಿಯಲ್ಲಿ ಅಳೆದು ಸಮಾಧಾನ ಪಟ್ಟುಕೊಳ್ಳಬೇಡಿ.

16ರ ಒಳಗೆ ಬಂದರೆ ನಿಮ್ಮ ಕ್ಲಚ್ಚೇ ಸಾಕು. ಎಂಜಿನ್ನಿಗೆ 5ಕ್ಕೆ 1ರ ಚಿಕ್ಕ ಗೇರ್ ಬಾಕ್ಸ್, ಅಲ್ಲಿಂದ 9 ಹಲ್ಲಿನ ಸ್ಪ್ರಾಕೆಟ್, ಹಿಂದಿನ ಚಕ್ರಕ್ಕೆ 44 ಹಲ್ಲಿನದು. ಹತ್ತಿರ ಹತ್ತಿರ 25 ಆಯ್ತು. ನಿಂತಲ್ಲಿಂದ ಎಂಜಿನ್ನಿನಲ್ಲೇ ಹೊರಡಬೇಡಿ ಅಂತ ಅಪ್ಪನಿಗೆ ಹೇಳಿ, ನಾಲ್ಕು ತುಳಿ ತುಳಿದು ಆಮೇಲೆ ರೇಸ್ ಕೊಡಲಿ. 20 ದಾಟಿದರೆ ಒಂದೇ ಗೇರಿನ ಆಸೆ ಬಿಡಿ. ಆಗ ಎಂಜಿನ್ನಿನ ಚೈನನ್ನು ಪೆಡಲ್ ಹತ್ತಿರದ ದೊಡ್ಡ ಚಕ್ರಕ್ಕೆ ತಂದು, ಸೈಕಲ್ಲಿನ ಏಳು ಗೇರನ್ನೇ ಬಳಸಿಕೊಳ್ಳಬೇಕು. ಹಿಂದಿನ 28 ಹಲ್ಲಿನದರಲ್ಲಿ 34ಕ್ಕೆ 1 ಬರುವ ಹಾಗೆ ಹೊಂದಿಸಿದರೆ 14 ಹಲ್ಲಿನದರಲ್ಲಿ ತಾನಾಗಿ 17 ಆಗುತ್ತದೆ. ಏರಿಗೊಂದು, ಸಮತಟ್ಟಿಗೊಂದು. ಕ್ಲಚ್ ತಾನಾಗಿ ಹಿಡಿಯುತ್ತದೆ, ಗೇರು ಮಾತ್ರ ಬಲಗೈ ಹೆಬ್ಬೆರಳಲ್ಲಿ. ಪೆಡಲ್ ಕಡೆ ಫ್ರೀವೀಲ್ ಇರೋ ಕ್ರ್ಯಾಂಕ್ ಹಾಕಲೇಬೇಕು, ಇಲ್ಲದಿದ್ದರೆ ಎಂಜಿನ್ ಜೊತೆ ಪೆಡಲ್ಲೂ ತಿರುಗಿ ಮೊಣಕಾಲ ಕೆಳಗೆ ಬಡಿಯುತ್ತದೆ.

ಸಿವಿಟಿ ಯಾಕೆ ಬೇಡ? ತಾಂತ್ರಿಕವಾಗಿ ನೀವು ಕೇಳಿದ 'ಪೂರ್ತಿ ಆಟೋಮ್ಯಾಟಿಕ್' ಅದೇ. ಒಳಗಿನ ರೋಲರ್ ಹೊರಕ್ಕೆ ಹೋದ ಹಾಗೆ ಮುಂದಿನ ಪುಲ್ಲಿಯ ಎರಡು ತಟ್ಟೆಗಳ ನಡುವಿನ ಸಂದು ಕಿರಿದಾಗಿ ಬೆಲ್ಟ್ ಮೇಲೆ ಹತ್ತುತ್ತದೆ, ಗೇರು ಏರುತ್ತದೆ. ಏರಿನಲ್ಲಿ ಭಾರ ಬಿದ್ದರೆ ವಾಪಸ್. ಹಗುರ ರೋಲರ್ ಹಾಕಿದರೆ ಏರಿಗೆ ಇನ್ನೂ ಒಳ್ಳೆಯದು. ಆದರೆ ಅದಕ್ಕೆ ಅಗಲ ಬೇಕು. ಪೆಡಲ್ ತುಳಿಯುವ ಕಾಲಿಗೆ ಅಡ್ಡ ಬರುತ್ತದೆ. ಸೈಕಲ್ಲಿಗೆ ಸಿಗುವವು ಹೆಚ್ಚಿನವು ಮುಚ್ಚಳ ಇಲ್ಲದವು. ನಮ್ಮ ಮಳೆಗಾಲದಲ್ಲಿ, ಕೆಸರಿನ ದಾರಿಯಲ್ಲಿ, ಬೆಲ್ಟ್ ಒದ್ದೆಯಾಯ್ತೋ ಮುಗೀತು, ಜಾರಿಯೇ ಜಾರುತ್ತದೆ. ಟೈರಿಗೆ ಒತ್ತಿ ತಿರುಗಿಸುವ ರೋಲರ್ ಡ್ರೈವ್ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೇ ಹಾಕಿಕೊಳ್ಳಬೇಡಿ, ಅದು ಇನ್ನೂ ಕಡೆ.

ಹೆಚ್ಚಿನವರು ಮರೆಯೋ ಒಂದು ಮಾತು. ಕ್ಲಚ್ ಬಟ್ಟಲಿನ ಶಾಫ್ಟ್ ಬರೀ ತಿರುಗೋಕೆ ಮಾಡಿದ್ದು, ಪಕ್ಕಕ್ಕೆ ಎಳೆಸಿಕೊಳ್ಳೋಕಲ್ಲ. ಆ ಶಾಫ್ಟಿಗೇ ನೇರ ಸ್ಪ್ರಾಕೆಟ್ ಹಾಕಿ ಚೈನ್ ಬಿಗಿದರೆ ಬೇರಿಂಗ್ ಬೇಗ ಹೋಗುತ್ತದೆ. ಗೇರ್ ಬಾಕ್ಸ್ ಹಾಕಲು ಆಗದಿದ್ದರೆ ಲೇತಿನವರ ಹತ್ತಿರ ಶಾಫ್ಟಿನ ಆಚೆ ತುದಿಗೂ ಒಂದು ಬೇರಿಂಗ್ ಕೂರಿಸಿಸಿ.

ಇನ್ನು ಅಪ್ಪನ ಎಡಗೈ. ಕ್ಲಚ್ ಲಿವರ್ ತಪ್ಪಿಸಿದಿರಿ, ಬ್ರೇಕ್ ಲಿವರ್? ಇಳಿಯುವಾಗ ಎಂಜಿನ್ ಏನೂ ತಡೆಯಲ್ಲ, ಇಳುಕಲು ಪೂರ್ತಿ ಬ್ರೇಕಿನ ಮೇಲೇ. ಒಂದೇ ಲಿವರಿನಿಂದ ಎರಡು ಕೇಬಲ್ ಎಳೆಯುವ ಲಿವರ್ ಸಿಗುತ್ತದೆ, ಬಲಗೈಗೆ ಅದನ್ನೇ ಹಾಕಿ, ಬ್ರೇಕ್ ಡಿಸ್ಕ್ ಇರಲಿ. ಒದ್ದೆ ರಿಮ್ಮಿಗೆ ರಬ್ಬರ್ ಹಿಡಿಯುವಷ್ಟರಲ್ಲಿ ಅಪ್ಪ ತೋಟದ ಕಾಲುವೆಯಲ್ಲಿರುತ್ತಾರೆ. ನನ್ನ ಕೇಳಿದರೆ ಮೊದಲ ದುಡ್ಡು ಇದಕ್ಕೇ ಹೋಗಬೇಕು, ಎಂಜಿನ್ನಿಗಲ್ಲ.

ಪ್ರಶ್ನೆ: ಕಾರವಾರದಲ್ಲಿ ಇದ್ದೇನೆ. ದಿನಾ ಕೋಡಿಬಾಗದಿಂದ ಪೇಟೆಗೆ, ಎಲ್ಲಾ ಸಮತಟ್ಟು. ವಾರಕ್ಕೊಮ್ಮೆ ಬಿಣಗಾ ಏರು ದಾಟಿ ಅಮದಳ್ಳಿಗೆ. 250 ವ್ಯಾಟ್ ಇಲೆಕ್ಟ್ರಿಕ್ ಸೈಕಲ್ ನೋಡುತ್ತಿದ್ದೇನೆ. ಚಕ್ರದಲ್ಲೇ ಮೋಟಾರ್ ಇರೋದಕ್ಕೆ ಗೇರ್ ಇಲ್ಲ, ಪೆಡಲ್ ಹತ್ತಿರ ಮೋಟಾರ್ ಇರೋದಕ್ಕೆ ಗೇರ್ ಇದೆ ಅಂತಾರೆ. ಯಾವುದು?

ಉತ್ತರ: ವಾರದಲ್ಲಿ ಆರು ದಿನದ ದಾರಿ ನೋಡಿ ಕೊಳ್ಳಿ, ಒಂದು ದಿನದ್ದಲ್ಲ. ಚಕ್ರದ ಮೋಟಾರು ನಿಂತಲ್ಲಿಂದಲೇ ಎಳೆಯುತ್ತದೆ, ಕ್ಲಚ್ಚಿನ ಗೋಳೇ ಇಲ್ಲ. ನಿಮಗೆ ಅದೇ ಸಾಕು. ನೂರಕ್ಕೆ ಎಂಟರ ಏರಿನಲ್ಲಿ 250 ವ್ಯಾಟಿಗೆ ಸಿಗೋದು ಗಂಟೆಗೆ 9 ಕಿಲೋಮೀಟರ್. ನೀವೂ ಮನಸಿಟ್ಟು ತುಳಿದರೆ 12. ತುಳಿಯದೆ ಕೂತರೆ ಮೋಟಾರ್ ಬಿಸಿಯಾಗುತ್ತದೆ. ದಿನಾ ಘಟ್ಟ ಹತ್ತುವವರಾಗಿದ್ದರೆ ಪೆಡಲ್ ಹತ್ತಿರದ ಮೋಟಾರನ್ನೇ ಹೇಳುತ್ತಿದ್ದೆ, ಅದು ಸೈಕಲ್ಲಿನ ಗೇರಿನ ಮೂಲಕವೇ ಎಳೆಯುತ್ತದಲ್ಲ. ಆದರೆ ಅಷ್ಟೂ ಎಳೆತ ಚೈನಿನ ಮೇಲೆ ಬೀಳುತ್ತದೆ, ಕಾರವಾರದ ಉಪ್ಪುಗಾಳಿಗೆ ಚೈನ್ ಎಷ್ಟು ಬೇಗ ಕೆಂಪಾಗುತ್ತದೆ ಅಂತ ನಿಮಗೇ ಗೊತ್ತು. ಚಕ್ರದ ನಡುವಿನ ಹಬ್ಬಿನೊಳಗೇ ಉಕ್ಕಿನ ಗುಂಡುಗಳು ಓರೆಯಾಗಿ ಗೇರು ಬದಲಿಸುವ, ಎನ್ವಿಯೋಲೋ ಹೆಸರಿನ ಸಿವಿಟಿಯೂ ಇದೆ. ಚೆಂದದ ವಸ್ತು, ಆದರೆ ಭಾರ, ದುಬಾರಿ. ಯಾವುದನ್ನೇ ತಗೊಂಡರೂ ವೈರಿನ ಪ್ಲಗ್ಗುಗಳಿಗೆ ಗ್ರೀಸ್ ಹಚ್ಚಿ, ಸಮುದ್ರದಂಡೆಗೆ ಹೋಗಿ ಬಂದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೈಪು ಹಿಡಿದು ತೊಳೆಯಬೇಡಿ.

ಪ್ರಶ್ನೆ: ಕುಮಟಾದಿಂದ. ನನಗೆ 16. ವೀಡ್ ಕಟ್ಟರ್ ಎಂಜಿನ್ನಿನ ಸೈಕಲ್ ಮಾಡಿಕೊಂಡು ಕಾಲೇಜಿಗೆ ಹೋಗಬಹುದಾ?

ಉತ್ತರ: ಇಲ್ಲ ತಮ್ಮಾ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಗಾಡಿ ಮೋಟಾರು ವಾಹನವೇ ಅಲ್ಲ. ವೀಡ್ ಕಟ್ಟರ್ ಹೆಚ್ಚಿನವು ಅದಕ್ಕಿಂತ ದೊಡ್ಡವು. ದಾಟಿತೋ, ನೋಂದಣಿ, ವಿಮೆ, ಲೈಸೆನ್ಸ್ ಎಲ್ಲಾ ಬೇಕು. 50 ಸಿಸಿ ತನಕದ್ದಕ್ಕೆ 16ಕ್ಕೇ ಲೈಸೆನ್ಸ್ ಸಿಗುತ್ತದೆ ನಿಜ, ಆದರೆ ಅಂಗಳದಲ್ಲಿ ವೆಲ್ಡಿಂಗ್ ಮಾಡಿದ ಗಾಡಿಗೆ ನಂಬರ್ ಪ್ಲೇಟ್ ಯಾರು ಕೊಡುತ್ತಾರೆ? 250 ವ್ಯಾಟಿನ ಒಳಗಿನ, ಗಂಟೆಗೆ 25 ಕಿಲೋಮೀಟರ್ ದಾಟದ ಇಲೆಕ್ಟ್ರಿಕ್ ಸೈಕಲ್ ಆದರೆ ಈ ತಾಪತ್ರಯ ಇಲ್ಲ. ಕಾಲೇಜಿಗೆ ಅದು ಆಗುತ್ತೆ. ಅದನ್ನ ತಗೊಂಡು ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬರ್ತೇನೆ ಅಂತ ಮಾತ್ರ ಹೊರಡಬೇಡ, ಅರ್ಧ ದಾರಿ ತಳ್ಳಬೇಕಾದೀತು.