ಹದಿಮೂರನೆಯ ಬಿಲ್ಲು ಮಾತ್ರ ಏಕೆ ಸರಿ ಬರುತ್ತದೆ?

ಪ್ರಶ್ನೆ: ಚಿಕ್ಕಪೇಟೆಯಲ್ಲಿ ನಮ್ಮದು ಸಗಟು ಬಟ್ಟೆ ವ್ಯಾಪಾರ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೆಟ್ಟಿದ್ದರಿಂದ ಹೋದ ತಿಂಗಳು ಬೇರೊಂದನ್ನು ತಂದೆವು. ಕಾಗದ ಮಾತ್ರ ಮೊದಲಿನದೇ, 10 ಇಂಚು ಅಗಲ, 12 ಇಂಚು ಉದ್ದ, ಹಾಳೆಗಳು ಒಂದಕ್ಕೊಂದು ಕೂಡಿಕೊಂಡೇ ಬರುವ ಮೂರು ಪ್ರತಿಯ ಕಂಟಿನ್ಯುಯಸ್ ಕಾಗದ. ಮೊದಲ ಬಿಲ್ಲು ಸರಿಯಾಗಿ ಬರುತ್ತದೆ. ಎರಡನೆಯದರ ತಲೆಬರಹ ಮೊದಲ ಹಾಳೆಯ ತಳದಲ್ಲಿ ಬೀಳುತ್ತದೆ, ಮೂರನೆಯದು ಇನ್ನೂ ಮೇಲಕ್ಕೆ ಏರುತ್ತದೆ. ವಿಚಿತ್ರವೆಂದರೆ ಮಧ್ಯೆ ಎಂದೋ ಒಂದು ಬಿಲ್ಲು ತಾನಾಗಿಯೇ ಸರಿಯಾಗುತ್ತದೆ. ಅಂಚಿನ ತೂತುಗಳಲ್ಲಿ ಸಿಕ್ಕಿ ಕಾಗದವನ್ನು ಎಳೆಯುವ ಟ್ರ್ಯಾಕ್ಟರಿನ ಹಲ್ಲು ಸವೆದಿದೆ, ಬದಲಿಸಬೇಕು ಎಂದು ರಿಪೇರಿಯವರು ಹೇಳುತ್ತಿದ್ದಾರೆ. ಬದಲಿಸಬಹುದೇ?

ಉತ್ತರ: ದಯವಿಟ್ಟು ಬದಲಿಸಬೇಡಿ. ನೀವು ವಿಚಿತ್ರವೆಂದು ಬರೆದಿರುವ ಸಂಗತಿಯೇ ಈ ದೋಷದ ಮೂಲವನ್ನು ಹೇಳುತ್ತಿದೆ. ಹಲ್ಲು ಸವೆದು ಕಾಗದ ಜಾರಿದರೆ ಆ ಜಾರುವಿಕೆಗೆ ಲೆಕ್ಕವಿರುವುದಿಲ್ಲ. ಒಮ್ಮೆ ಕಾಲಿಂಚು, ಒಮ್ಮೆ ಎರಡು ಸಾಲು, ಒಮ್ಮೆ ಏನೂ ಇಲ್ಲ ಎಂಬಂತಿರುತ್ತದೆ, ಜೊತೆಗೆ ಅಂಚಿನ ತೂತುಗಳು ಹರಿದಿರುತ್ತವೆ. ನಿಮ್ಮಲ್ಲಿ ಬಿಲ್ಲು ಪ್ರತಿ ಸಲವೂ ಒಂದೇ ಅಳತೆಯಷ್ಟು ಮೇಲಕ್ಕೆ ಏರುತ್ತಿರಬೇಕು. ಸ್ಕೇಲು ಹಿಡಿದು ನೋಡಿ, ಆ ಅಳತೆ ಸರಿಯಾಗಿ ಒಂದು ಇಂಚು ಇದ್ದೀತು. ಬಿಲ್ಲುಗಳನ್ನು ಎಣಿಸಿದರೆ ತಾನಾಗಿ ಸರಿಯಾಗುವುದು ಹದಿಮೂರನೆಯದು ಎಂದು ತಿಳಿಯುತ್ತದೆ.

ಕಾರಣ ಇಷ್ಟೇ: ಪ್ರಿಂಟರಿಗೆ ಹಾಳೆಗಳನ್ನು ಹರಿದು ಬೇರ್ಪಡಿಸುವ ನಡುವಿನ ಗೆರೆ ಕಾಣಿಸುವುದಿಲ್ಲ. ಕಾಗದ ಮುಗಿಯಿತೇ ಎಂಬುದನ್ನು ಅದರ ಸೆನ್ಸರ್ ತಿಳಿಯಬಲ್ಲದು, ಆದರೆ ಒಂದು ಹಾಳೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಅದು ಬರೀ ಎಣಿಕೆಯಿಂದ ಊಹಿಸುತ್ತದೆ. ನಿಮ್ಮ ಹೊಸ ಯಂತ್ರ ಹಾಳೆಯ ಉದ್ದವನ್ನು 11 ಇಂಚು, ಅಂದರೆ ಇಂಚಿಗೆ ಆರರಂತೆ 66 ಸಾಲು ಎಂದು ನಂಬಿಕೊಂಡಿದೆ. ಅದು ಅಮೆರಿಕದ ಹಾಳೆಯ ಅಳತೆ. ಅನೇಕ ಪ್ರಿಂಟರ್‌ಗಳು ಕಾರ್ಖಾನೆಯಿಂದ ಹೀಗೆಯೇ ಹೊರಬರುತ್ತವೆ. ನಿಮ್ಮ ಕಾಗದವೋ 12 ಇಂಚು, 72 ಸಾಲು. ಬಿಲ್ಲು ಮುಗಿದು 'ಮುಂದಿನ ಹಾಳೆಗೆ ಹೋಗು' ಎಂಬ ಆಜ್ಞೆ ಬಂದಾಗಲೆಲ್ಲ ಅದು 11 ಇಂಚಿಗೇ ನಿಲ್ಲುತ್ತದೆ. ಹನ್ನೆರಡು ಬಿಲ್ಲು ಮುಗಿಯುವಾಗ 132 ಇಂಚು ಸರಿದಿರುತ್ತದೆ, ಅದು ನಿಮ್ಮ ಹನ್ನೊಂದು ಹಾಳೆಗಳ ಉದ್ದ. ಹೀಗೆ ಎರಡು ಲೆಕ್ಕಗಳೂ ಒಂದು ಕಡೆ ಕೂಡುವುದರಿಂದ ಹದಿಮೂರನೆಯ ಬಿಲ್ಲು ಹಾಳೆಯ ತಲೆಗೆ ಬಂದು ಕೂರುತ್ತದೆ.

ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಮೊದಲನೆಯದು, ಯಂತ್ರದ ಮುಂಭಾಗದ ಗುಂಡಿಗಳ ಮೂಲಕ ಟ್ರ್ಯಾಕ್ಟರ್ ಕಾಗದದ ಉದ್ದವನ್ನು 12 ಇಂಚಿಗೆ ಬದಲಿಸುವುದು. ಕೆಲವು ಹಳೆಯ ಮಾದರಿಗಳಲ್ಲಿ ಇದಕ್ಕೆ ಡಿಪ್ ಸ್ವಿಚ್ ಎಂಬ ಪುಟ್ಟ ಸ್ವಿಚ್ ಇರುತ್ತದೆ. ಎರಡನೆಯದು, ಪ್ರತಿ ಬಿಲ್ಲಿನ ಆರಂಭದಲ್ಲಿ ನಿಮ್ಮ ಸಾಫ್ಟ್‌ವೇರ್ ಈ ಅಳತೆಯನ್ನು ಕಳುಹಿಸುವಂತೆ ಮಾಡುವುದು. ನಾನು ಎರಡನೆಯದನ್ನೇ ಮೆಚ್ಚುತ್ತೇನೆ, ಏಕೆಂದರೆ ನಾಳೆ ಈ ಪ್ರಿಂಟರೂ ಕೆಟ್ಟು ಮತ್ತೊಂದು ಬಂದಾಗ ಇದೇ ಪತ್ರವನ್ನು ನೀವು ಮತ್ತೆ ಬರೆಯಬೇಕಾಗುವುದಿಲ್ಲ. ಆಜ್ಞೆಯ ವಿವರ ಮುಂದಿನ ಉತ್ತರದಲ್ಲಿದೆ. ಒಂದೇ ಹಾಳೆಯನ್ನು ಅರ್ಧ ಮಾಡಿದ 6 ಇಂಚಿನ ಬಿಲ್ಲು ಬಳಸುವವರು 36 ಸಾಲು ಎಂದು ಲೆಕ್ಕ ಹಿಡಿಯಬೇಕು.

ಇನ್ನೊಂದು ಅಭ್ಯಾಸವನ್ನೂ ಬಿಡಿಸಬೇಕಾಗಿದೆ. ಬಿಲ್ಲು ಮೇಲೆ ಕೆಳಗೆ ಆದ ಕೂಡಲೇ ಗಲ್ಲಾಪೆಟ್ಟಿಗೆಯ ಬಳಿ ಕುಳಿತವರು ಪಕ್ಕದ ತಿರುಗಣೆಯನ್ನು ಕೈಯಿಂದ ತಿರುಗಿಸಿ ಕಾಗದವನ್ನು ಸರಿಹೊಂದಿಸುತ್ತಾರೆ. ವಿದ್ಯುತ್ ಹರಿಯುತ್ತಿರುವಾಗ ಹಾಗೆ ಮಾಡಿದರೆ ಕಾಗದ ಸರಿಯುತ್ತದೆಯೇ ಹೊರತು ಯಂತ್ರದ ಮನಸ್ಸಿನಲ್ಲಿರುವ ಎಣಿಕೆ ಸರಿಯುವುದಿಲ್ಲ, ಗೊಂದಲ ಇಮ್ಮಡಿಯಾಗುತ್ತದೆ. ಸ್ವಿಚ್ ಆರಿಸಿಯೇ ತಿರುಗಣೆಯನ್ನು ಮುಟ್ಟಬೇಕು.

ಪ್ರಶ್ನೆ: ನಾನು ರಾಜಾಜಿನಗರದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಪ್ರಿಂಟರನ್ನು ನಡೆಸುವ ವಿಂಡೋಸ್ ತಂತ್ರಾಂಶವಾದ ಡ್ರೈವರ್ ಮೂಲಕ ಮುದ್ರಿಸಿದರೆ ಒಂದು ಬಿಲ್ಲಿಗೆ ಬಹಳ ಹೊತ್ತು ಹಿಡಿಯುತ್ತದೆ. ನೇರವಾಗಿ ಆಜ್ಞೆ ಕಳುಹಿಸಲು ಹೋದರೆ ಖಾಲಿ ಹಾಳೆ ಹೊರಬರುತ್ತದೆ, ಅಲ್ಲಲ್ಲಿ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನೇರವಾಗಿ ಕಳುಹಿಸುವ ನಿಮ್ಮ ನಿರ್ಧಾರ ಸರಿಯಾದುದು. ಸಾಮಾನ್ಯ ಡ್ರೈವರ್ ಅಕ್ಷರವನ್ನು ಚಿತ್ರವಾಗಿ ಬಿಡಿಸಿ ಚುಕ್ಕಿ ಚುಕ್ಕಿಯಾಗಿ ಕಳುಹಿಸುತ್ತದೆ, ಅದರಿಂದಲೇ ನಿಧಾನ. ಅಕ್ಷರದ ಸಂಖ್ಯೆಯನ್ನಷ್ಟೇ ಕಳುಹಿಸಿದರೆ ಪ್ರಿಂಟರ್ ತನ್ನೊಳಗಿನ ಅಚ್ಚನ್ನೇ ಬಳಸಿ ಹೊಡೆಯುತ್ತದೆ. ಈ ಆಜ್ಞೆಗಳ ಭಾಷೆಯನ್ನು ರೂಪಿಸಿದ್ದು ಎಪ್ಸನ್ ಕಂಪನಿ. 1980ರಲ್ಲಿ ಬಂದ ಅದರ ಎಂಎಕ್ಸ್-80 ಮಾದರಿಯ ಜನಪ್ರಿಯತೆಯಿಂದಾಗಿ ಇತರ ಕಂಪನಿಗಳ ಪ್ರಿಂಟರ್‌ಗಳೂ ಇದೇ ಭಾಷೆಯನ್ನು ಕಲಿತವು. ಎಲ್ಲ ಸಂಖ್ಯೆಗಳನ್ನೂ ಇಲ್ಲಿ ದಶಮಾನದಲ್ಲಿಯೇ ಕೊಡುತ್ತಿದ್ದೇನೆ.

ಬಹುತೇಕ ಆಜ್ಞೆಗಳು 27ರಿಂದ, ಅಂದರೆ ಎಸ್ಕೇಪ್ ಎಂಬ ಬೈಟಿನಿಂದ (ಬೈಟು ಎಂದರೆ ಕಂಪ್ಯೂಟರ್ ಒಮ್ಮೆಗೆ ಕಳುಹಿಸುವ ಒಂದು ಸಂಖ್ಯೆ) ಆರಂಭವಾಗುತ್ತವೆ. 27, 64 ಎಂದರೆ ಹಿಂದಿನ ಕೆಲಸ ಉಳಿಸಿಹೋದ ಹೊಂದಿಕೆಗಳನ್ನೆಲ್ಲ ಅಳಿಸು ಎಂದರ್ಥ. 27, 69 ದಪ್ಪ ಅಕ್ಷರವನ್ನು ಆರಂಭಿಸುತ್ತದೆ, 27, 70 ನಿಲ್ಲಿಸುತ್ತದೆ. 15 ಎಂಬ ಒಂಟಿ ಬೈಟು ಅಕ್ಷರಗಳನ್ನು ಕಿರಿದುಗೊಳಿಸುತ್ತದೆ, 18 ಮೊದಲಿನಂತೆ ಮಾಡುತ್ತದೆ; 8 ಇಂಚಿನ ಸಾಲಿನಲ್ಲಿ 80 ಅಕ್ಷರ ಹಿಡಿಯುತ್ತಿದ್ದ ಜಾಗದಲ್ಲಿ ಆಗ 137 ಹಿಡಿಯುತ್ತವೆ. ಅಂಗಡಿಯ ಹೆಸರಿಗೆ 27, 87, 1 ಕಳುಹಿಸಿ ಅಗಲ ಅಕ್ಷರ ಮಾಡಿದಾಗ ಒಂದೊಂದು ಅಕ್ಷರವೂ ಎರಡರ ಜಾಗ ನುಂಗುತ್ತದೆ ಎಂಬುದನ್ನು ಮರೆತರೆ ಹೆಸರು ಹಾಳೆಯ ನಡುವೆ ನಿಲ್ಲುವುದಿಲ್ಲ.

ಈಗ ನಿಮ್ಮ ಖಾಲಿ ಹಾಳೆಯ ವಿಷಯ. ಹಾಳೆಯ ಉದ್ದವನ್ನು 12 ಇಂಚಿಗೆ ನಿಲ್ಲಿಸುವ ಆಜ್ಞೆ 27, 67, 0, 12. ಇಲ್ಲಿನ ಸೊನ್ನೆ ಎಂದರೆ ಸೊನ್ನೆಯೇ ಬೆಲೆಯಾಗಿರುವ ಬೈಟೇ ಹೊರತು ಕೀಲಿಮಣೆಯಲ್ಲಿ ಒತ್ತುವ ಸೊನ್ನೆಯಲ್ಲ. ಕೀಲಿಮಣೆಯ ಸೊನ್ನೆಯ ಸಂಖ್ಯೆ 48. ಅದನ್ನು ಕಳುಹಿಸಿದರೆ ಪ್ರಿಂಟರ್ ಮೊದಲ ಮೂರು ಬೈಟುಗಳನ್ನು '48 ಸಾಲಿನ ಹಾಳೆ' ಎಂದು ಓದಿ ಆಜ್ಞೆಯನ್ನು ಅಲ್ಲಿಗೇ ಮುಗಿಸುತ್ತದೆ. ಉಳಿದ 12 ಒಂಟಿಯಾಗುತ್ತದೆ, ಮತ್ತು ಒಂಟಿ 12 ಎಂದರೆ ಈ ಭಾಷೆಯಲ್ಲಿ 'ಹಾಳೆಯನ್ನು ಹೊರಗೆ ತಳ್ಳು'. ಖಾಲಿ ಹಾಳೆ ಬಂದದ್ದು ಬಹುಶಃ ಹೀಗೆ. ಸಿ ಭಾಷೆಯಲ್ಲಿ ಬರೆಯುವವರಿಗೆ ಇದರ ಇನ್ನೊಂದು ಮುಖ ಎದುರಾಗುತ್ತದೆ: ಸೊನ್ನೆ ಬೈಟು ಕಂಡಲ್ಲಿ ಪದಸರಣಿ ಮುಗಿಯಿತೆಂದು ಆ ಭಾಷೆ ತಿಳಿಯುವುದರಿಂದ, 67ರ ನಂತರ ಏನೂ ಹೋಗುವುದಿಲ್ಲ, ಬಿಲ್ಲಿನ ಮೊದಲ ಅಕ್ಷರವೇ ಹಾಳೆಯ ಉದ್ದವಾಗಿಬಿಡುತ್ತದೆ. ತಲೆಬರಹದ ಮೊದಲ ಅಕ್ಷರ ಕಾಣೆಯಾಗಿದೆ ಎಂದು ದೂರು ಬಂದರೆ ಮೊದಲು ಇದನ್ನೇ ಪರೀಕ್ಷಿಸಿ.

ಈ ಆಜ್ಞೆಯನ್ನು ಹಾಳೆಯ ತಲೆಯಲ್ಲಿರುವಾಗಲೇ ಕಳುಹಿಸಬೇಕು. ನಡುವೆ ಕಳುಹಿಸಿದರೆ ಆ ಜಾಗವೇ ಹೊಸ ತಲೆಯಾಗುತ್ತದೆ. ಹರಿಯುವ ಗೆರೆಯ ಆಚೀಚೆ ಜಾಗ ಬಿಡಿಸುವ 27, 78ನೇ ಆಜ್ಞೆ ಬೇಕಿದ್ದರೆ ಅದನ್ನು ಇದರ ನಂತರ ಕಳುಹಿಸಿ, ಮೊದಲೇ ಕಳುಹಿಸಿದರೆ ಅಳಿಸಿಹೋಗುತ್ತದೆ.

ಅರ್ಥವಿಲ್ಲದ ಅಕ್ಷರಗಳಿಗೆ ಯುಟಿಎಫ್-8, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಇಂದಿನ ಪದ್ಧತಿ, ಕಾರಣ. 2010ರಲ್ಲಿ ಅಂಗೀಕೃತವಾದ ರೂಪಾಯಿ ಚಿಹ್ನೆಯನ್ನು ನಿಮ್ಮ ಪ್ರೋಗ್ರಾಂ 226, 130, 185 ಎಂಬ ಮೂರು ಬೈಟುಗಳಾಗಿ ಕಳುಹಿಸುತ್ತದೆ. ಹಳೆಯ ಪ್ರಿಂಟರ್ ಅವನ್ನು ಮೂರು ಬೇರೆ ಅಕ್ಷರಗಳೆಂದು ಹೊಡೆಯುತ್ತದೆ, ಮೊತ್ತದ ಕಾಲಂ ಎರಡು ಮನೆ ಸರಿಯುತ್ತದೆ. ಚಿಹ್ನೆಯ ಬದಲು ಇಂಗ್ಲಿಷಿನ ಹಳೆಯ ಎರಡಕ್ಷರದ ಸಂಕ್ಷೇಪವನ್ನೇ ಬಳಸಿ. ಆಜ್ಞೆಗಳನ್ನು ಪಠ್ಯವಾಗಿ ಅಲ್ಲದೆ ಬೈಟುಗಳಾಗಿಯೇ ಕಳುಹಿಸಬೇಕು, ಇಲ್ಲವಾದರೆ 127ಕ್ಕಿಂತ ದೊಡ್ಡ ಪ್ರತಿಯೊಂದು ಸಂಖ್ಯೆಯೂ ಎರಡಾಗಿ ಒಡೆಯುತ್ತದೆ.

ಏನು ಹೋಗುತ್ತಿದೆ ಎಂಬ ಸಂಶಯ ಬಂದರೆ ಪ್ರಿಂಟರನ್ನೇ ಕೇಳಬಹುದು. ಅನೇಕ ಎಪ್ಸನ್ ಮಾದರಿಗಳಲ್ಲಿ ಸಾಲು ಸರಿಸುವ ಗುಂಡಿ ಮತ್ತು ಕಾಗದ ಹಾಕುವ ಗುಂಡಿ ಎರಡನ್ನೂ ಒತ್ತಿ ಹಿಡಿದು ಸ್ವಿಚ್ ಹಾಕಿದರೆ, ಅದು ಬಂದ ಬೈಟುಗಳನ್ನು ಪಾಲಿಸದೆ ಹದಿನಾರರ ಮಾನದ ಸಂಖ್ಯೆಗಳಾಗಿ ಹಾಗೆಯೇ ಮುದ್ರಿಸುತ್ತದೆ. ಪರದೆಯ ಮುಂದೆ ಅರ್ಧ ದಿನ ಕೂತು ಕಂಡುಹಿಡಿಯಲಾಗದ ತಪ್ಪು ಒಂದು ಹಾಳೆಯಲ್ಲಿ ಸಿಕ್ಕಿಬೀಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಪ್ರಶ್ನೆ: ಯಲಹಂಕದ ನಮ್ಮ ಸಹಕಾರ ಸಂಘದಲ್ಲಿ ರಸೀದಿಯನ್ನು ಕನ್ನಡದಲ್ಲಿ ಕೊಡಬೇಕೆಂದು ಸದಸ್ಯರು ಕೇಳುತ್ತಿದ್ದಾರೆ. ಒಂಬತ್ತು ಪಿನ್ನಿನ ಪ್ರಿಂಟರಿನಲ್ಲಿ ಒತ್ತಕ್ಷರಗಳು ಓದಲು ಬರುತ್ತಿಲ್ಲ.

ಉತ್ತರ: ಸಾಮಾನ್ಯ ಪ್ರಿಂಟರಿನೊಳಗೆ ಕನ್ನಡದ ಅಚ್ಚು ಇರುವುದಿಲ್ಲವಾದ್ದರಿಂದ, ಮೇಲಿನ ಓದುಗರಿಗೆ ಬೇಡವೆಂದ ಚಿತ್ರದ ದಾರಿಯನ್ನೇ ನೀವು ಹಿಡಿಯಬೇಕಾಗುತ್ತದೆ. ಚುಕ್ಕಿ ಹೊಡೆಯುವ ಪಿನ್ನುಗಳು ಒಂಬತ್ತೇ ಇರುವ ಹೆಡ್ಡಿನ ಒಂದೇ ಓಟಕ್ಕೆ ಮೇಲಿನ ಗುಡಿಸು, ನಡುವಿನ ಅಕ್ಷರ, ಕೆಳಗಿನ ಒತ್ತು ಮೂರೂ ಹಿಡಿಯುವುದು ಸಾಧ್ಯವಿಲ್ಲ. ಇಂಚಿಗೆ 180 ಚುಕ್ಕಿ ಕೊಡುವ 24 ಪಿನ್ನಿನ ಪ್ರಿಂಟರನ್ನು ಕೊಳ್ಳಿ ಎಂಬುದೇ ನನ್ನ ಸಲಹೆ. ಅಲ್ಲಿಯೂ ಒಂದು ಸಾಲನ್ನು ಎರಡು ಓಟದಲ್ಲಿ, ಅಂದರೆ 48 ಚುಕ್ಕಿ ಎತ್ತರದಲ್ಲಿ ಬಿಡಿಸಿದರೆ ವಯಸ್ಸಾದ ಸದಸ್ಯರೂ ಕನ್ನಡಕ ಹುಡುಕದೆ ಓದಬಲ್ಲರು.

ನಿಮ್ಮ ಪ್ರೋಗ್ರಾಂ ಬರೆಯುವವರಿಗೆ ಇದನ್ನು ತಿಳಿಸಿ: 27, 51, 24 ಕಳುಹಿಸಿದರೆ ಸಾಲಿನ ಅಂತರ 180ರಲ್ಲಿ 24 ಭಾಗವಾಗಿ ಎರಡು ಓಟಗಳ ನಡುವೆ ಬಿಳಿ ಗೆರೆ ಉಳಿಯುವುದಿಲ್ಲ. 8 ಇಂಚಿನ ಸಾಲಿಗೆ 1440 ಚುಕ್ಕಿ ಕಂಬಗಳು ಬೇಕು. ಆಜ್ಞೆ 27, 42, 39, 160, 5, ಏಕೆಂದರೆ 160ಕ್ಕೆ 256ರ ಐದು ಪಟ್ಟನ್ನು ಕೂಡಿಸಿದರೆ 1440. ಅದರ ಹಿಂದೆಯೇ ಕಂಬಕ್ಕೆ ಮೂರರಂತೆ 4320 ಬೈಟುಗಳು ಹೋಗಬೇಕು, ಒಂದು ಕಡಿಮೆಯಾದರೂ ಮುಂದಿನ ಪಠ್ಯವನ್ನು ಯಂತ್ರ ಚಿತ್ರವೆಂದು ನುಂಗುತ್ತದೆ. ಈ ಕಡತವನ್ನು ವಿಂಡೋಸಿನ ಕಾಪಿ ಆಜ್ಞೆಯಿಂದ ಕಳುಹಿಸುವುದಾದರೆ ಬೈನರಿ ಎಂಬ ಗುರುತು ಕಡ್ಡಾಯ. ಇಲ್ಲವಾದರೆ ಚಿತ್ರದ ನಡುವೆ 26 ಎಂಬ ಬೈಟು ಬಂದ ಕೂಡಲೇ ಕಡತ ಮುಗಿಯಿತೆಂದು ತಿಳಿದು ಅದು ಕೈಬಿಡುತ್ತದೆ.

ಪ್ರಶ್ನೆ: ಮೂರನೆಯ ಪ್ರತಿ ಮಸುಕು. ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಹೆಡ್ ಬದಲಿಸಿ ಎನ್ನುತ್ತಾರೆ.

ಉತ್ತರ: ಮೊದಲ ಪ್ರತಿ ಹೇಗಿದೆ ಎಂದು ನೋಡಿ. ಅದು ಗಾಢವಾಗಿದ್ದು ಮೂರನೆಯದು ಮಾತ್ರ ಮಸುಕಾಗಿದ್ದರೆ ಕಾಗದದ ದಪ್ಪವನ್ನು ಹೊಂದಿಸುವ ಸನ್ನೆ ತಪ್ಪು ಮನೆಯಲ್ಲಿರಬಹುದು. ಒಂದೊಂದೇ ಮನೆ ಸರಿಸಿ ಪರೀಕ್ಷಿಸಿ. ಮೊದಲ ಪ್ರತಿ ಮಾತ್ರ ಮಂಕಾಗಿ ಕೆಳಗಿನವು ಚೆನ್ನಾಗಿದ್ದರೆ ರಿಬ್ಬನ್ ಒಣಗಿದೆ. ಅದಕ್ಕೆ ರಬ್ಬರ್ ಸ್ಟಾಂಪಿನ ಶಾಯಿ ಬಿಡುವ ಜಿಪುಣತನ ಬೇಡ, ರಿಬ್ಬನ್ನಿನ ಶಾಯಿ ಪಿನ್ನುಗಳಿಗೆ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಪ್ರತಿ ಸಾಲಿನಲ್ಲಿಯೂ ಅಕ್ಷರಗಳನ್ನು ಸೀಳಿಕೊಂಡು ಒಂದೇ ಎತ್ತರದಲ್ಲಿ ಬಿಳಿ ಗೆರೆ ಹಾದುಹೋಗಿದ್ದರೆ ಮಾತ್ರ ಪಿನ್ನು ಮುರಿದಿದೆ ಅಥವಾ ಸಿಕ್ಕಿಕೊಂಡಿದೆ ಎಂದು ತಿಳಿದು ಹೆಡ್ಡಿನ ಮಾತು ಎತ್ತಿ. ಮುದ್ರಿಸಿದ ಕೂಡಲೇ ಹೆಡ್ಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸುಡುತ್ತದೆ.